ಬಂದೂಕು ನೋಡುವ ಮೊದಲು ಗೋಡೆ ನೋಡಿ

ಪ್ರಶ್ನೆ: ನಮಸ್ಕಾರ ಸರ್. ಟೆಕ್ಸಸ್‌ನ ಆಸ್ಟಿನ್ ಹತ್ತಿರ ಮನೆ ತಗೊಂಡು ಎರಡು ವರ್ಷ ಆಯ್ತು. ನಾನು, ನನ್ನ ಹೆಂಡತಿ, 9 ಮತ್ತು 5 ವರ್ಷದ ಇಬ್ಬರು ಮಕ್ಕಳು. ವರ್ಷದಲ್ಲಿ ಕೆಲವು ತಿಂಗಳು ಊರಿಂದ ಅಮ್ಮ ಬಂದು ಇರುತ್ತಾರೆ. ಹೋದ ತಿಂಗಳು ನಮ್ಮ ಬೀದಿಯಲ್ಲೇ ಒಂದು ಮನೆಗೆ ರಾತ್ರಿ ಕಳ್ಳರು ನುಗ್ಗಿದರು. ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ಆಫೀಸಿನ ಗೆಳೆಯರೊಬ್ಬರು ಪಂಪ್ ಆಕ್ಷನ್ ಶಾಟ್‌ಗನ್ ತಗೋ ಅಂತಿದ್ದಾರೆ. ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿ ತೋಟಾ ತುಂಬುವ ಬಂದೂಕು ಅದು. ಗುರಿ ಹಿಡಿಯೋದೇ ಬೇಡವಂತೆ, ಆ ‘ಚಕ್-ಚಕ್’ ಸದ್ದಿಗೇ ಕಳ್ಳ ಓಡಿಹೋಗ್ತಾನಂತೆ. ಅಂಗಡಿಯಲ್ಲಿ ಮಾಸ್‌ಬರ್ಗ್ 500, ರೆಮಿಂಗ್ಟನ್ 870 ಎರಡನ್ನೂ ಹಿಡಿದು ನೋಡಿದೆ. ನನ್ನ ಹೆಂಡತಿ ಐದಡಿ ಎತ್ತರ, ಎಡಗೈ. ಯಾವುದು ತಗೊಳ್ಳಲಿ? ನಾನು ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿದ್ದೇನೆ, ಗ್ರೀನ್ ಕಾರ್ಡ್‌ಗೆ ಕಾಯುತ್ತಿದ್ದೇವೆ.

ಉತ್ತರ: ಕೊನೆಯಲ್ಲಿ ಎಚ್-1ಬಿ ಅಂತ ಬರೆದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಎಚ್-1ಬಿ, ಅವರ ಗಂಡ ಅಥವಾ ಹೆಂಡತಿ, ಮಕ್ಕಳಿಗೆ ಕೊಡುವ ಎಚ್-4, ವಿಸಿಟರ್ ವೀಸಾ ಮುಂತಾದವುಗಳಲ್ಲಿ ಇರುವವರು ಬಂದೂಕು ಕೊಳ್ಳುವ ಹಾಗಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ತೋಟಾ ಕೂಡ ಇಟ್ಟುಕೊಳ್ಳುವ ಹಾಗಿಲ್ಲ. ಇದಕ್ಕೆ ಕೆಲವು ವಿನಾಯಿತಿಗಳಿವೆ. ನಿಮ್ಮಂಥವರಿಗೆ ಅನ್ವಯ ಆಗುವುದು ಒಂದು, ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಬೇಟೆಯ ಪರವಾನಗಿ. ಅದು ಚಾಲ್ತಿಯಲ್ಲಿರಬೇಕು. ಟೆಕ್ಸಸ್‌ನಲ್ಲಿ ಈ ಪರವಾನಗಿ ಸೆಪ್ಟೆಂಬರ್ 1ರಿಂದ ಆಗಸ್ಟ್ 31ರವರೆಗೆ ಮಾತ್ರ. ನೀವು ಮರೆತರೆ ಸೆಪ್ಟೆಂಬರ್ 1ರ ಬೆಳಿಗ್ಗೆ ನಿಮ್ಮ ಕಪಾಟಿನಲ್ಲಿರುವ ಬಂದೂಕೇ ಅಪರಾಧ ಆಗಿಬಿಡುತ್ತದೆ. ಇದಕ್ಕೆ 15 ವರ್ಷದವರೆಗೆ ಜೈಲು ಆಗಬಹುದು, ಬಂದೂಕಿನ ಅಪರಾಧ ಸಾಬೀತಾದರೆ ದೇಶದಿಂದ ಹೊರಗೆ ಕಳಿಸುವುದಕ್ಕೂ ಅದೊಂದೇ ಸಾಕು. ಹತ್ತು ವರ್ಷ ಗ್ರೀನ್ ಕಾರ್ಡ್‌ಗೆ ಕಾದವರು ಇಂಥ ಒಂದು ತಾರೀಕು ಮರೆತು ಎಲ್ಲವನ್ನೂ ಕಳೆದುಕೊಳ್ಳಬಾರದು. ನಿಮ್ಮ ಹೆಂಡತಿ ಎಚ್-4ನಲ್ಲಿದ್ದರೆ ಅವರಿಗೂ ಪ್ರತ್ಯೇಕ ಪರವಾನಗಿ ಬೇಕು. ವಿಸಿಟರ್ ವೀಸಾದಲ್ಲಿ ಬರುವ ಅಮ್ಮನ ಕೈಗೆ ಅದು ಎಟುಕಲೇಬಾರದು. ಕೊಳ್ಳುವ ಮೊದಲು ವಲಸೆ ಕಾನೂನು ಬಲ್ಲ ವಕೀಲರ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ಅಂಗಡಿಯವರ ಮಾತು ಸಾಲದು.

ಇನ್ನು ನಿಮ್ಮ ಗೆಳೆಯರ ಮಾತು. ಗುರಿ ಹಿಡಿಯೋದೇ ಬೇಡ ಅನ್ನುವುದನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ತಪ್ಪು. ಡಲ್ಲಾಸ್ ಹತ್ತಿರದ ಒಂದು ರೇಂಜ್‌ನಲ್ಲಿ ತಮ್ಮನ ಜೊತೆ ನಾನೇ ಕಾಗದ ಕಟ್ಟಿ ನೋಡಿದ್ದೇನೆ. 12 ಗೇಜ್ ಬಂದೂಕು (ಗೇಜ್ ಅಂದರೆ ನಳಿಗೆಯ ಅಗಲದ ಲೆಕ್ಕ, ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣ), 00 ಬಕ್‌ಶಾಟ್ ತೋಟಾ, ಒಳಗೆ ಎಂಟೂವರೆ ಮಿಲಿಮೀಟರ್ ದಪ್ಪದ ಒಂಬತ್ತು ಗುಂಡು. ಐದು ಮೀಟರ್ ದೂರದಿಂದ ಹೊಡೆದಾಗ ಒಂಬತ್ತೂ ನನ್ನ ಅಂಗೈಯೊಳಗೆ ಮುಚ್ಚಿಹೋಗುವಷ್ಟು ಜಾಗದಲ್ಲಿ ಬಿದ್ದಿದ್ದವು. ಅಂಚು ಹರಿದ ಒಂದೇ ತೂತು, ಅದರ ಪಕ್ಕ ಎರಡು ಮೂರು ಚಿಕ್ಕ ತೂತು, ಅಷ್ಟೇ. ನಿಮ್ಮ ಹಾಲ್‌ನ ಈ ತುದಿಯಿಂದ ಆ ತುದಿಗೆ ಅದಕ್ಕಿಂತ ಜಾಸ್ತಿ ದೂರ ಇರಲಿಕ್ಕಿಲ್ಲ, ಅಲ್ವಾ? ಹಾಗಾಗಿ ಗುರಿ ಬೇಕೇ ಬೇಕು, ತಪ್ಪಿದರೆ ಒಂಬತ್ತು ಗುಂಡೂ ಒಟ್ಟಿಗೇ ತಪ್ಪುತ್ತವೆ.

ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ? ನನಗೆ ಮುಖ್ಯ ಅನಿಸುವುದು ಇದೇ. ನಮ್ಮೂರಿನ ಮನೆಯ ಇಟ್ಟಿಗೆ ಗೋಡೆ, ಮಣ್ಣಿನ ಗೋಡೆ ಅಲ್ಲ ಅದು. ಅಲ್ಲಿ ಮನೆಯೊಳಗಿನ ಗೋಡೆ ಅಂದರೆ ಮರದ ಪಟ್ಟಿಗಳ ಎರಡೂ ಕಡೆ ಅರ್ಧ ಇಂಚಿನ ಜಿಪ್ಸಂ ಹಲಗೆ. ಬೆರಳ ಗೆಣ್ಣಿನಿಂದ ತಟ್ಟಿ, ಡೊಳ್ಳಿನ ಹಾಗೆ ಸದ್ದು ಮಾಡುತ್ತದೆ. ಬಕ್‌ಶಾಟ್ ಇಂಥ ಗೋಡೆಯನ್ನು ಒಂದಲ್ಲ, ಎರಡು ಮೂರು ದಾಟಿ ಹೋಗುತ್ತದೆ. ಸಣ್ಣ ಗುಂಡಿನ ನಂಬರ್ 4 ಬಕ್ ಬಳಸಿದರೆ ಕೊಂಚ ಕಡಿಮೆ, ಆದರೂ ದಾಟುತ್ತದೆ. ಹಕ್ಕಿ ಹೊಡೆಯುವ ಸಣ್ಣ ಛರೆ ಗೋಡೆಯಲ್ಲಿ ಬೇಗ ಬಲ ಕಳೆದುಕೊಳ್ಳುತ್ತದೆ, ಆದರೆ ಮನುಷ್ಯನನ್ನು ತಡೆಯುತ್ತದೆ ಅಂತ ನಂಬುವ ಹಾಗಿಲ್ಲ. ಒಬ್ಬ ವಯಸ್ಕನನ್ನು ನಿಲ್ಲಿಸುವ ತಾಕತ್ತು ಇರುವ ಯಾವ ತೋಟಾವೂ ಮಕ್ಕಳ ರೂಮಿನ ಗೋಡೆಗೆ ಮರ್ಯಾದೆ ಕೊಡುವುದಿಲ್ಲ.

ಅದಕ್ಕೇ ಅಂಗಡಿಗೆ ಹೋಗುವ ಮೊದಲು ಈ ಕೆಲಸ ಮಾಡಿ. ಇವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ನಿಮ್ಮ ಬೆಡ್‌ರೂಮಿನ ಬಾಗಿಲಲ್ಲಿ ನಿಂತು ಖಾಲಿ ಕೈಯನ್ನು ಮುಂದಕ್ಕೆ ಚಾಚಿ. ಕೈ ತೋರಿಸುವ ಗೆರೆಯನ್ನು ಗೋಡೆಯಾಚೆಗೂ ಎಳೆಯಿರಿ. ಆ ಗೆರೆ ಯಾರ ಮಂಚದ ಮೇಲೆ ಹಾದುಹೋಗುತ್ತದೆ? ಮೆಟ್ಟಿಲ ಕಡೆ ತಿರುಗಿ, ಅಡುಗೆಮನೆ ಕಡೆ ತಿರುಗಿ, ಅಮ್ಮ ಮಲಗುವ ಕೋಣೆ ಎಲ್ಲಿದೆ ನೋಡಿ. ಯಾವ ಕಡೆಗೆ ಹೊಡೆಯಲೇಬಾರದು ಅನ್ನುವುದು ಒಂದು ಕಾಗದದ ಮೇಲೆ ಗೀಚಿದರೇ ಗೊತ್ತಾಗಿಬಿಡುತ್ತದೆ. ಕೆಲವು ಮನೆಗಳಲ್ಲಿ ಎಲ್ಲಿ ನಿಂತರೂ ಗೆರೆ ಮಕ್ಕಳ ಮಂಚಕ್ಕೇ ಹೋಗುತ್ತದೆ, ಅಂಥವರಿಗೆ ನಾನು ಬಂದೂಕು ಬೇಡ, ಗಟ್ಟಿ ಬಾಗಿಲು ಹಾಕಿಸಿ ಅಂತಲೇ ಹೇಳಿದ್ದೇನೆ.

ಆ ‘ಚಕ್-ಚಕ್’ ಸದ್ದಿನ ಬಗ್ಗೆ ಹೇಳಬೇಕು. ಕೆಲವು ಕಳ್ಳರು ಓಡಬಹುದು. ಓಡದೇ ಇದ್ದರೆ? ನೀವು ಎಲ್ಲಿದ್ದೀರಿ, ಕೈಯಲ್ಲಿ ಏನಿದೆ ಅಂತ ಅವನಿಗೆ ನೀವೇ ಹೇಳಿದ ಹಾಗಾಯಿತು. ಸದ್ದು ಮಾಡಲೇಬೇಕು ಅಂದರೆ ಬಾಯಿಂದ ಕೂಗಿ, ಪೊಲೀಸರಿಗೆ ಫೋನ್ ಮಾಡಿದ್ದೇವೆ ಅಂತ.

ಈಗ ಬಂದೂಕಿಗೆ ಬರೋಣ. ಎರಡೂ ಒಳ್ಳೆಯವೇ. 870 ಬಂದದ್ದು 1950ರಲ್ಲಿ, ಮಾಸ್‌ಬರ್ಗ್ 500 ಬಂದದ್ದು ಅದಾದ ಸುಮಾರು ಹತ್ತು ವರ್ಷಕ್ಕೆ, ಎರಡೂ ಒಂದೊಂದು ಕೋಟಿಗಿಂತ ಹೆಚ್ಚು ಮಾರಾಟ ಆಗಿವೆ. 870ರ ಮೈ ಉಕ್ಕು, 500ರದ್ದು ಅಲ್ಯೂಮಿನಿಯಂ, ಹಾಗಾಗಿ ಕೊಂಚ ಹಗುರ. ನಿಮ್ಮ ಮನೆಯ ಮಟ್ಟಿಗೆ ವ್ಯತ್ಯಾಸ ಇರುವುದು ಟ್ರಿಗರ್ ತಪ್ಪಿ ಒತ್ತಿಹೋಗದಂತೆ ತಡೆಯುವ ಸೇಫ್ಟಿ ಬಟನ್‌ನಲ್ಲಿ. 870ರಲ್ಲಿ ಅದು ಟ್ರಿಗರ್ ಹಿಂದೆ, ಅಡ್ಡಕ್ಕೆ ಒತ್ತುವ ಬಟನ್, ಬಲಗೈಯವರಿಗೆ ಅಂತಲೇ ಮಾಡಿದ್ದು. ಮಾಸ್‌ಬರ್ಗ್‌ನಲ್ಲಿ ಬಂದೂಕಿನ ಬೆನ್ನ ಮೇಲೆ, ಹೆಬ್ಬೆರಳು ಕೂರುವ ಜಾಗದಲ್ಲೇ ಇದೆ. ಎಡಗೈಗೂ ಬಲಗೈಗೂ ಒಂದೇ. ನಿಮ್ಮ ಹೆಂಡತಿ ಎಡಗೈ ಅಂದಿರಲ್ಲ, ಅಲ್ಲಿಗೆ ನನ್ನ ಮಟ್ಟಿಗೆ ಮಾಸ್‌ಬರ್ಗ್ ಅಂತ ತೀರ್ಮಾನ ಆಯಿತು. ಆದರೆ ಪಿಸ್ತೂಲಿನ ಹಿಡಿಯ ಥರದ ಹಿಂಭಾಗ ಇರುವುದು ತಗೋಬೇಡಿ, ಹೆಬ್ಬೆರಳಿಗೆ ಆ ಸೇಫ್ಟಿ ಸಿಗುವುದೇ ಕಷ್ಟ ಆಗುತ್ತದೆ.

ಅಳತೆ ನೋಡುವಾಗ ನಿಮ್ಮ ಭುಜಕ್ಕಲ್ಲ, ಅವರ ಭುಜಕ್ಕೆ ನೋಡಿ. ನೀವು ಊರಲ್ಲಿ ಇಲ್ಲದ ರಾತ್ರಿ ಅದನ್ನು ಹಿಡಿಯಬೇಕಾದವರು ಅವರು. ಅಲ್ಲಿ ಮಾರುವ ಸಾಮಾನ್ಯ ಬಂದೂಕಿನಲ್ಲಿ ಟ್ರಿಗರ್‌ನಿಂದ ಹಿಂಭಾಗದ ತುದಿಗೆ 14 ಇಂಚಿನ ಹತ್ತಿರ ಇರುತ್ತದೆ. ಐದಡಿಯವರಿಗೆ ಅದು ಉದ್ದ. ತುದಿಯನ್ನು ಮೊಣಕೈ ಮಡಿಕೆಗೆ ಆನಿಸಿ ಹಿಡಿಯಲು ಹೇಳಿ, ಬೆರಳು ಸಲೀಸಾಗಿ ಟ್ರಿಗರ್ ಮುಟ್ಟಬೇಕು. ಮುಟ್ಟದಿದ್ದರೆ 12ರಿಂದ 13 ಇಂಚಿನದ್ದು ಕೇಳಿ, ಮಾಸ್‌ಬರ್ಗ್‌ನಲ್ಲಿ ಬ್ಯಾಂಟಮ್ ಅಂತ ಚಿಕ್ಕ ಮಾದರಿಗಳಿವೆ. ಗೇಜ್ 20 ಸಾಕು. 12 ಗೇಜ್ ಜೋರಾಗಿ ಒದೆಯುತ್ತದೆ, ನಾಲ್ಕು ಸುತ್ತು ಹೊಡೆದ ಮೇಲೆ ಭುಜ ನೀಲಿಗಟ್ಟಿ ಮತ್ತೆ ಮುಟ್ಟುವುದೇ ಬೇಡ ಅಂದವರನ್ನು ನೋಡಿದ್ದೇನೆ. ಅಭ್ಯಾಸ ಮಾಡದ ಬಂದೂಕು ಇದ್ದೂ ಇಲ್ಲದ ಹಾಗೆ.

ಪಂಪ್‌ಗೆ ಅದರದ್ದೇ ಒಂದು ತೊಂದರೆ ಇದೆ. ಹಿಂದಕ್ಕೆ ಪೂರ್ತಿ ಎಳೆಯಬೇಕು, ಮುಂದಕ್ಕೆ ಪೂರ್ತಿ ತಳ್ಳಬೇಕು. ಭಯದಲ್ಲಿ ಕೈ ಅರ್ಧಕ್ಕೇ ನಿಂತುಬಿಡುತ್ತದೆ. ಆಗ ಖಾಲಿ ತೋಟಾ ಹೊರಗೆ ಬರುವುದಿಲ್ಲ, ಇಲ್ಲವೇ ಹೊಸದು ಒಳಗೆ ಬರುವುದಿಲ್ಲ. ನನ್ನ ತಮ್ಮನ ಹೆಂಡತಿಗೆ ಮೊದಲ ದಿನ ಆರರಲ್ಲಿ ಎರಡು ಸಲ ಹೀಗಾಯಿತು, ಅದೂ ಹಗಲು ಹೊತ್ತಿನಲ್ಲಿ, ಯಾವ ಗಾಬರಿಯೂ ಇಲ್ಲದೆ. ಡಮ್ಮಿ ತೋಟಾ ಹಾಕಿಕೊಂಡು ನೂರು ಸಲ ಎಳೆದು ತಳ್ಳಿದ ಮೇಲೆ ಸರಿಹೋಯಿತು. ಇನ್ನೊಂದು, ಪಂಪ್‌ಗೆ ಎರಡೂ ಕೈ ಬೇಕು. 911ಕ್ಕೆ ಫೋನ್ ಯಾರು ಹಿಡಿಯುತ್ತಾರೆ, ಐದು ವರ್ಷದ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ, ಇದನ್ನು ಇಬ್ಬರೂ ಈಗಲೇ ಮಾತಾಡಿಕೊಳ್ಳಿ. ನನ್ನ ಸಲಹೆ ಕೇಳಿದರೆ, ಮಕ್ಕಳನ್ನೂ ಅಮ್ಮನನ್ನೂ ಒಂದೇ ಕೋಣೆಗೆ ಸೇರಿಸಿ, ಚಿಲಕ ಹಾಕಿ, ಫೋನ್ ಮಾಡಿ, ಬಾಗಿಲ ಕಡೆ ಮುಖ ಮಾಡಿ ಕೂತುಬಿಡಿ. ಕಳ್ಳನನ್ನು ಹುಡುಕಿಕೊಂಡು ಕತ್ತಲಲ್ಲಿ ಮನೆಯಿಡೀ ಓಡಾಡಬೇಡಿ. ಹದಿನೆಂಟೂವರೆ ಇಂಚಿನ ನಳಿಗೆ ಇದ್ದರೂ ಇಡೀ ಬಂದೂಕು ಒಂದು ಮೀಟರ್ ಹತ್ತಿರ ಉದ್ದ. ಮೂಲೆ ತಿರುಗುವಾಗ ನಿಮಗಿಂತ ಮೊದಲು ಅದು ಕಾಣಿಸುತ್ತದೆ. ಟಾರ್ಚ್ ಇಲ್ಲದೆ ಮುಟ್ಟಲೇಬೇಡಿ. ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಸದ್ದು ಮಾಡಿದವರು ನೀರು ಕುಡಿಯಲು ಎದ್ದ ಅಮ್ಮ ಇರಬಹುದು. ಮುಖ ಕಂಡ ಮೇಲೇ ಮುಂದಿನ ಮಾತು.

ಇಡುವುದು ಹೇಗೆ? ಗೋಡೆಗೆ ಬೋಲ್ಟ್ ಹಾಕಿದ, ನಂಬರ್ ಒತ್ತಿ ಬೇಗ ತೆಗೆಯುವಂಥ ಲಾಕ್ ಪೆಟ್ಟಿಗೆಯಲ್ಲಿ. ಟೆಕ್ಸಸ್ ಕಾನೂನಿನಲ್ಲಿ ತುಂಬಿದ ಬಂದೂಕನ್ನು ಭದ್ರ ಮಾಡದೆ ಇಟ್ಟು ಅದು 17 ವರ್ಷದೊಳಗಿನ ಮಕ್ಕಳ ಕೈಗೆ ಸಿಕ್ಕರೆ ಇಟ್ಟವರದ್ದೇ ಅಪರಾಧ. ಬೀರುವಿನ ಮೇಲೆ ಇಟ್ಟರೆ ಎಟುಕಲ್ಲ ಅಂದುಕೊಳ್ಳಬೇಡಿ. 9 ವರ್ಷದ ಹುಡುಗರು ಕುರ್ಚಿ ಎಳೆದುಕೊಂಡು ಹತ್ತುತ್ತಾರೆ. ನಳಿಗೆಯ ಕೆಳಗೆ ತೋಟಾ ಕೂಡಿಡುವ ಕೊಳವೆಯಲ್ಲಿ ತೋಟಾ ಇರಲಿ, ಗುಂಡು ಹಾರುವ ಮೊದಲು ತೋಟಾ ಕೂರುವ ಜಾಗ, ಅಂದರೆ ಚೇಂಬರ್, ಖಾಲಿ ಇರಲಿ. ಸೇಫ್ಟಿ ಬಟನ್ ಟ್ರಿಗರನ್ನು ಮಾತ್ರ ತಡೆಯುತ್ತದೆ, ಬಂದೂಕು ಬಿದ್ದರೆ ಅದನ್ನು ನಂಬುವ ಹಾಗಿಲ್ಲ. ಖಾಲಿ ಮಾಡಿದೆ ಅಂದುಕೊಂಡಾಗಲೂ ಚೇಂಬರಿನಲ್ಲೂ ಕೊಳವೆಯ ಬಾಯಲ್ಲೂ ಬೆರಳಿಟ್ಟು ನೋಡಿ. ಕಣ್ಣಿಗಿಂತ ಬೆರಳನ್ನು ನಂಬಿ.

ಇಷ್ಟೆಲ್ಲ ಮಾಡುವಷ್ಟು ಪುರುಸೊತ್ತು ಈಗ ಇಲ್ಲ ಅಂದರೆ, ಅದೇ ದುಡ್ಡಲ್ಲಿ ಮುಂಬಾಗಿಲಿನ ಚೌಕಟ್ಟಿಗೆ ಉದ್ದನೆಯ ಸ್ಕ್ರೂ ಹಾಕಿಸಿ, ಹೊರಗೆ ದೀಪ ಹಾಕಿಸಿ, ಅಲಾರಂ ತಗೊಳ್ಳಿ. ಗ್ರೀನ್ ಕಾರ್ಡ್ ಬರುವವರೆಗೆ ನಿಮಗೆ ಇದೇ ಸರಿ ಅಂತ ನನಗನಿಸುತ್ತದೆ.

ಪ್ರಶ್ನೆ: ಸಕಲೇಶಪುರ ಹತ್ತಿರ ನಮ್ಮ ಕಾಫಿ ತೋಟ. ಪಕ್ಕದ ಮನೆಗೆ ಅರ್ಧ ಮೈಲಿ. ಮಳೆಗಾಲದಲ್ಲಿ ಕರೆಂಟ್ ಇರುವುದಿಲ್ಲ. ಅಪ್ಪನ ಹೆಸರಲ್ಲಿ ಹಳೇ ಜೋಡಿ ನಳಿಗೆ ಕೋವಿ ಇದೆ, ಅಪ್ಪನಿಗೆ 74. ಕಣದಲ್ಲಿ ಒಣಗಲು ಹಾಕಿದ ಕಾಫಿ ಎರಡು ಸಲ ಕಳವಾಯಿತು. ಕೋವಿ ಮಾರಿ ಪಂಪ್ ಆಕ್ಷನ್ ತಗೊಳ್ಳೋಣ ಅಂತಿದ್ದೇನೆ.

ಉತ್ತರ: ಮಾರಬೇಡಿ. ಮೊದಲು ಕಾಗದ ಪತ್ರ ಸರಿ ಮಾಡಿಕೊಳ್ಳಿ. ಪರವಾನಗಿ ಇರುವವರಿಗೆ 70 ವರ್ಷ ಆಗಿದ್ದರೆ, ಇಲ್ಲವೇ 25 ವರ್ಷದಿಂದ ಕೋವಿ ಇಟ್ಟುಕೊಂಡಿದ್ದರೆ, ಅವರು ಇರುವಾಗಲೇ ವಾರಸುದಾರರ ಹೆಸರಿಗೆ ಪರವಾನಗಿ ಕೇಳಲು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅವಕಾಶ ಇದೆ. ಅಪ್ಪನ ಜೊತೆ ಡಿಸಿ ಕಚೇರಿಗೆ ಹೋಗಿ ಅರ್ಜಿ ಕೊಡಿ. ಎಷ್ಟೋ ಮನೆಗಳಲ್ಲಿ ಯಜಮಾನರು ತೀರಿಕೊಂಡ ಮೇಲೆ ಕೋವಿ ಠಾಣೆಯಲ್ಲೇ ತುಕ್ಕು ಹಿಡಿಯುತ್ತದೆ.

ನಮ್ಮಲ್ಲಿ ಪಂಪ್ ಆಕ್ಷನ್‌ಗೆ ನಿಷೇಧ ಇಲ್ಲ. ತಿರುಚಿರಾಪಳ್ಳಿಯ ಸರ್ಕಾರಿ ಕಾರ್ಖಾನೆ 12 ಬೋರ್ (ಅಂದರೆ 12 ಗೇಜ್) ಪಂಪ್ ಆಕ್ಷನ್ ತಯಾರಿಸುತ್ತದೆ. ಆದರೆ ಸ್ವರಕ್ಷಣೆಗೆ ಅಂತ ಕೊಡುವ ಪರವಾನಗಿಗೆ ನಳಿಗೆ 20 ಇಂಚಿಗಿಂತ ಕಡಿಮೆ ಇರಬಾರದು, ಅಮೆರಿಕದವರ ವಿಡಿಯೋದಲ್ಲಿ ಕಾಣುವ ಗಿಡ್ಡ ನಳಿಗೆ ಇಲ್ಲಿ ನಡೆಯುವುದಿಲ್ಲ. ನಿಮ್ಮ ಜೋಡಿ ನಳಿಗೆಯಲ್ಲಿ ಒಂದು ದೊಡ್ಡ ಗುಣ ಇದೆ. ನಳಿಗೆಯನ್ನು ಕೆಳಕ್ಕೆ ಮಡಚಿ ತೆರೆದು ಹಿಡಿದರೆ ತುಂಬಿದೆಯೋ ಖಾಲಿಯೋ ಅಂತ ಲಾಟೀನಿನ ಬೆಳಕಲ್ಲೂ ಕಾಣುತ್ತದೆ. ಅರ್ಧ ಎಳೆದು ಸಿಕ್ಕಿಕೊಳ್ಳುವ ಪ್ರಶ್ನೆಯೇ ಇಲ್ಲ. ಎರಡು ಈಡು ಸಾಕು. ಹಳೇ ಕಾಗದದ ತೋಟಾ ಇದ್ದರೆ ಮಳೆಗಾಲದ ತೇವಕ್ಕೆ ಉಬ್ಬಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಪ್ಲಾಸ್ಟಿಕ್‌ನದ್ದು ತಗೊಳ್ಳಿ.

ಕಾಫಿ ಕದಿಯುವವರ ಮೇಲೆ ಮಾತ್ರ ಹಾರಿಸಬೇಡಿ. ಜೀವಕ್ಕೆ ಅಪಾಯ ಇಲ್ಲದಿರುವಾಗ ಬರೀ ಕಳ್ಳತನಕ್ಕೆ ಪ್ರಾಣ ತೆಗೆಯುವ ಹಕ್ಕು ನಮ್ಮ ಕಾನೂನಿನಲ್ಲಿ ಇಲ್ಲ. ಎರಡು ಮೂಟೆ ಕಾಫಿಗೆ ಹೋಗಿ ನೀವು ಕೊಲೆ ಕೇಸಿನಲ್ಲಿ ನಿಲ್ಲಬೇಕಾಗುತ್ತದೆ. ಕಣಕ್ಕೆ ಸೋಲಾರ್ ದೀಪ, ಎರಡು ನಾಯಿ, ರಾತ್ರಿ ಒಬ್ಬ ಕಾವಲುಗಾರ, ಇದು ಸಾಕು. ಆನೆ ಬಂದರೂ ಕೋವಿ ತೆಗೆಯಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಛರೆ ತಿಂದ ಆನೆ ಇನ್ನಷ್ಟು ಕೆರಳುತ್ತದೆ, ಮಾರನೇ ದಿನ ಅದರ ಎದುರಿಗೆ ಸಿಗುವವರು ನಿಮ್ಮ ತೋಟದ ಕೆಲಸದವರು.

ಪ್ರಶ್ನೆ: ಬೆಂಗಳೂರಿನಲ್ಲಿ ಎಂಟನೇ ಮಹಡಿಯ ಫ್ಲಾಟ್. ಇಬ್ಬರೇ ವಯಸ್ಸಾದವರು ಇದ್ದೇವೆ. ಪರವಾನಗಿಗೆ ಅರ್ಜಿ ಹಾಕಲೇ?

ಉತ್ತರ: ಬೇಡ ಸರ್. ನಿಮ್ಮ ವಯಸ್ಸಿನವರ ಮನೆಗೆ ಬಹಳ ಸಲ ಅಪಾಯ ಬರುವುದು ನೀವೇ ತೆರೆದ ಬಾಗಿಲಿಂದ, ರಿಪೇರಿಯವನು ಅಂತ, ಕೊರಿಯರ್ ಅಂತ. ಬಂದೂಕು ಪೆಟ್ಟಿಗೆಯಲ್ಲಿರುತ್ತದೆ, ಅವನು ಹಾಲ್‌ನಲ್ಲಿರುತ್ತಾನೆ. ಗ್ರಿಲ್ ಬಾಗಿಲಿಗೆ ಒಳಗಿನಿಂದ ಸರಪಳಿ ಹಾಕಿಸಿ, ಯಾರೇ ಬಂದರೂ ಅದನ್ನು ತೆಗೆಯದೇ ಮಾತಾಡಿ. ಎದುರು ಮನೆಯವರಿಗೆ ಒಂದು ಬೀಗದ ಕೈ ಕೊಟ್ಟಿರಿ, ದಿನಕ್ಕೊಮ್ಮೆ ಬೆಳಿಗ್ಗೆ ಬೆಲ್ ಮಾಡಿ ಹೋಗಿ ಅಂತ ಕೇಳಿಕೊಳ್ಳಿ.