ಯಹೂದಿ ಅಲ್ಲದವರು ರಬ್ಬಿಯ ರೇಡಿಯೊ ಮಾತು ಕೇಳಿ ಏನು ಸಿಗುತ್ತೆ?

ರಬ್ಬಿ (ಯಹೂದಿ ಧರ್ಮಗುರು) ಜೊನಾಥನ್ ಸ್ಯಾಕ್ಸ್ ಅವರ ರೇಡಿಯೊ ಮಾತುಗಳನ್ನು ಕೇಳು ಅಂತ ಯಾರೋ ಹೇಳಿದರು, ನಾನು ಯಹೂದಿಯೂ ಅಲ್ಲ, ದೇವರ ವಿಷಯದಲ್ಲೂ ಅಷ್ಟಕ್ಕಷ್ಟೇ, ನನಗೆ ಅದರಲ್ಲಿ ಏನಿದೆ ಎಂದು ಕೇಳಿದ್ದೀರಿ. ನಾನೂ ಯಹೂದಿ ಅಲ್ಲ. ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ, ಜಗಳ ಆಡುತ್ತಲೇ.

ಮೊದಲು ಒಂದು ವಿಷಯ. ಅವು ಯಹೂದಿಗಳ ಪ್ರಾರ್ಥನೆಯ ಮಂದಿರವಾದ ಸಿನಗಾಗ್‌ನಲ್ಲಿ ಭಕ್ತರಿಗೆ ಮಾಡಿದ ಪ್ರವಚನಗಳಲ್ಲ. ಬಿಬಿಸಿ ರೇಡಿಯೊ 4ರ ಬೆಳಗಿನ ಸುದ್ದಿ ಕಾರ್ಯಕ್ರಮದ ನಡುವೆ, ಏಳೂಮುಕ್ಕಾಲರ ಹೊತ್ತಿಗೆ, ‘ಥಾಟ್ ಫಾರ್ ದ ಡೇ’ ಅಂತ ಮೂರು ನಿಮಿಷಕ್ಕೂ ಕಡಿಮೆಯ ಒಂದು ಮಾತು ಬರುತ್ತದೆ. ನಮ್ಮ ಆಕಾಶವಾಣಿಯ ‘ಚಿಂತನ’ ಕೇಳಿದವರಿಗೆ ಅದರ ಅಂದಾಜು ಸಿಗುತ್ತದೆ. ಆದರೆ ಇಲ್ಲಿ ಹಿಂದೆಮುಂದೆ ರಾಜಕಾರಣಿಗಳ ಸಂದರ್ಶನ, ಷೇರು ಪೇಟೆ, ಯುದ್ಧದ ಸುದ್ದಿ. ಕೇಳುವವರಲ್ಲಿ ಹೆಚ್ಚಿನವರು ಯಹೂದಿಗಳಲ್ಲ, ಎಷ್ಟೋ ಜನ ನಾಸ್ತಿಕರು. ಹಾಗಾಗಿ ‘ಶಾಸ್ತ್ರದಲ್ಲಿ ಹೀಗಿದೆ, ಒಪ್ಪಿಕೊಳ್ಳಿ’ ಅಂದರೆ ನಡೆಯಲ್ಲ. ಅವತ್ತಿನ ಸುದ್ದಿಯಿಂದಲೇ ಶುರು ಮಾಡಿ, ಬೈಬಲ್ಲಿನ ಒಂದು ಕಥೆಯನ್ನು ಮುಟ್ಟಿ, ಕೇಳುವವನ ಮುಂದೆ ಒಂದು ಪ್ರಶ್ನೆ ಇಟ್ಟು ಮುಗಿಸಬೇಕು. ಸ್ಯಾಕ್ಸ್ ಅದರಲ್ಲಿ ಪಳಗಿದವರು. ಕೇಂಬ್ರಿಜ್‌ನಲ್ಲಿ ತತ್ವಶಾಸ್ತ್ರ ಓದಿದ್ದು, 1991ರಿಂದ 2013ರವರೆಗೆ ಬ್ರಿಟನ್ನಿನ ಮುಖ್ಯ ರಬ್ಬಿ ಆಗಿದ್ದದ್ದು, ಎರಡೂ ಆ ಮಾತಿನಲ್ಲಿ ಕೇಳಿಸುತ್ತವೆ.

ಅವರು ಹೇಳಿದ್ದೇನು? ಸುತ್ತಿ ಬಳಸಿ ಒಂದೇ ವಿಷಯ: ‘ನಾವು’ ಅನ್ನುವುದು ಕರಗಿ ‘ನಾನು’ ಜಾಸ್ತಿ ಆಗಿದೆ. ಸರಿ ತಪ್ಪು ಯೋಚಿಸುವ ಕೆಲಸವನ್ನು ಮಾರುಕಟ್ಟೆಗೂ ಸರ್ಕಾರಕ್ಕೂ ಗುತ್ತಿಗೆ ಕೊಟ್ಟುಬಿಟ್ಟಿದ್ದೇವೆ. ಬೇಕಾದ್ದನ್ನು ಆರಿಸಿಕೊಳ್ಳಲು ಮಾರುಕಟ್ಟೆ ಇದೆ, ಆರಿಸಿಕೊಂಡದ್ದರಿಂದ ಆಗುವ ಅನಾಹುತ ಸರಿಪಡಿಸಲು ಸರ್ಕಾರ ಇದೆ, ಮಧ್ಯದಲ್ಲಿ ಮನೆ, ನೆರೆಹೊರೆ, ಪ್ರಾರ್ಥನೆಯ ಮಂದಿರ, ಸಂಘ ಎಲ್ಲ ಸೊರಗಿಹೋಗಿವೆ ಅನ್ನುತ್ತಾರೆ. ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಬಗ್ಗೆ ಅವರು ಹೇಳುವುದು ನನಗೆ ತುಂಬಾ ಹಿಡಿಸಿತು. ವಾರಕ್ಕೊಂದು ದಿನ ಕೊಳ್ಳುವಂತಿಲ್ಲ, ಮಾರುವಂತಿಲ್ಲ, ಕಾರು ಓಡಿಸುವಂತಿಲ್ಲ, ಫೋನ್ ಮುಟ್ಟುವಂತಿಲ್ಲ. ಹೊರಗಿನವರಿಗೆ ಇದು ಕಟ್ಟುಪಾಡು. ಅವರಿಗೆ ಇದು ಮಾರುಕಟ್ಟೆ ಒಳಗೆ ಬರದ ಹಾಗೆ ಹಾಕಿದ ಬೇಲಿ, ಕೆಲಸದಾಳಿಗೂ ಯಜಮಾನನಿಗೂ ಒಂದೇ ರಜೆ. ದೇವರನ್ನು ನಂಬದವರೂ ಇದನ್ನು ಯೋಚಿಸಿ ನೋಡಬಹುದು, ಅಲ್ವಾ?

ನನ್ನ ತಕರಾರೂ ಇದೆ. ಹಿಂದೆ ‘ನಾವು’ ಚೆನ್ನಾಗಿತ್ತು ಅನ್ನುವಾಗ ಆ ‘ನಾವು’ ಒಳಗೆ ಯಾರಿಗೆ ಜಾಗ ಇತ್ತು, ಯಾರಿಗೆ ಇರಲಿಲ್ಲ ಅನ್ನುವುದನ್ನು ಅವರು ಬೇಗ ದಾಟಿಬಿಡುತ್ತಾರೆ. ಊರ ಬಾವಿಯಲ್ಲಿ ಯಾರು ನೀರು ಸೇದಬಹುದು ಅಂತ ಜಾತಿ ನೋಡಿ ತೀರ್ಮಾನಿಸಿದ ನಾಡಿನಿಂದ ಬಂದ ನನಗೆ ಅದು ಅಷ್ಟು ಸುಲಭಕ್ಕೆ ಗಂಟಲಲ್ಲಿ ಇಳಿಯಲ್ಲ.

ಇನ್ನೊಂದು ಇದಕ್ಕಿಂತ ಕಹಿ. ಹ್ಯೂಗೋ ಗ್ರಿನ್ ಅಂತ ಒಬ್ಬ ರಬ್ಬಿ ಇದ್ದರು. ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ನಿಂದ ಬದುಕಿ ಬಂದವರು, ರೇಡಿಯೊ 4ರ ‘ದ ಮಾರಲ್ ಮೇಜ್’ ಚರ್ಚೆಯಲ್ಲಿ ಎಲ್ಲರಿಗೂ ಪ್ರೀತಿಯ ದನಿ. ಅವರು ಹಳೆಯ ಕಟ್ಟಳೆಗಳನ್ನು ಕಾಲಕ್ಕೆ ತಕ್ಕಂತೆ ಸಡಿಲಿಸುವ ಸುಧಾರಣಾ ಪಂಥದವರು, ಸ್ಯಾಕ್ಸ್ ಅವನ್ನು ಹಾಗೇ ಪಾಲಿಸುವ ಸಂಪ್ರದಾಯ ಪಂಥದವರು; ಸುಧಾರಣಾ ಪಂಥವನ್ನು ಸಂಪ್ರದಾಯಸ್ಥರು ಒಪ್ಪುವುದಿಲ್ಲ. 1996ರಲ್ಲಿ ಗ್ರಿನ್ ತೀರಿಕೊಂಡಾಗ ಸ್ಯಾಕ್ಸ್ ಅಂತ್ಯಕ್ರಿಯೆಗೆ ಹೋಗಲಿಲ್ಲ. ಆಮೇಲೆ ಸಂಪ್ರದಾಯಸ್ಥರನ್ನು ಸಮಾಧಾನ ಮಾಡಲು ಅವರು ಬರೆದಿದ್ದ ಪತ್ರ 1997ರಲ್ಲಿ ಸೋರಿಹೋಯಿತು. ಗ್ರಿನ್ ಧರ್ಮವನ್ನು ಹಾಳುಮಾಡುವವರ ಸಾಲಿನವರು ಅನ್ನುವ ಅರ್ಥದ ಮಾತು ಅದರಲ್ಲಿತ್ತು. ಐದು ವರ್ಷದ ನಂತರ, 2002ರಲ್ಲಿ, ಬೇರೆ ಧರ್ಮಗಳಲ್ಲೂ ಸತ್ಯ ಇದೆ ಅನ್ನುವ ಧಾಟಿಯಲ್ಲಿ ಪುಸ್ತಕ ಬರೆದರು. ಆಗ ಸಂಪ್ರದಾಯಸ್ಥ ರಬ್ಬಿಗಳೇ ತಿರುಗಿಬಿದ್ದರು, ಮುಂದಿನ ಮುದ್ರಣದಲ್ಲಿ ಮಾತು ತಿದ್ದಬೇಕಾಯಿತು. ರೇಡಿಯೊದಲ್ಲಿ ಊರಿಗೆಲ್ಲ ಹೇಳಿದ್ದನ್ನು ತಮ್ಮ ಮನೆಯೊಳಗೆ ಹೇಳುವುದು ಅವರಿಗೆ ಕಷ್ಟವಿತ್ತು. ಇದು ಗೊತ್ತಿದ್ದೂ ಕೇಳುತ್ತೇನೆ. ಇದು ಗೊತ್ತಾದ ಮೇಲೆ ಅವರ ಮಾತು ಸುಮ್ನೆ ಉಪದೇಶ ಅನ್ನಿಸುವುದು ನಿಂತಿತು, ಯಾವ ಸಾಲಿಗೆ ಅವರೇ ಎಷ್ಟು ಬೆಲೆ ತೆರಬೇಕಾಯಿತು ಅಂತ ಲೆಕ್ಕ ಹಾಕುತ್ತಾ ಕೇಳುತ್ತೇನೆ.

ಎಲ್ಲಿಂದ ಶುರು ಮಾಡುವುದು ಅಂದರೆ, 1990ರಲ್ಲಿ ಸ್ಯಾಕ್ಸ್ ಬಿಬಿಸಿ ರೇಡಿಯೊದಲ್ಲಿ ಕೊಟ್ಟ ರೀತ್ ಉಪನ್ಯಾಸಗಳಿಂದ ಬೇಡ. ಒಳ್ಳೆಯವೇ, ಆದರೆ ಅರಗಿಸಿಕೊಳ್ಳುವುದು ಕಷ್ಟ. 2018ರ ‘ಮೊರಾಲಿಟಿ ಇನ್ ದ ಟ್ವೆಂಟಿಫಸ್ಟ್ ಸೆಂಚುರಿ’ ಸರಣಿ ಹಿಡಿಯಿರಿ. ಅದರಲ್ಲಿ ಮೈಕೆಲ್ ಸ್ಯಾಂಡೆಲ್, ಸ್ಟೀವನ್ ಪಿಂಕರ್ ಥರದ ಹೆಸರಾಂತ ಚಿಂತಕರ ಜೊತೆ ಮಾತಾಡುತ್ತಾರೆ, ಶಾಲೆಯ ಹುಡುಗ ಹುಡುಗಿಯರಿಗೂ ಮೈಕು ಕೊಡುತ್ತಾರೆ. ದೊಡ್ಡವರಿಗಿಂತ ಆ ಮಕ್ಕಳೇ ಚೆನ್ನಾಗಿ ಮಾತಾಡಿದ್ದಾರೆ ಅಂತ ನನ್ನ ಅಭಿಪ್ರಾಯ.

ಇಷ್ಟೊಂದು ಗಂಭೀರ ಬೇಡ ಅನ್ನಿಸಿದರೆ ರಬ್ಬಿ ಲಯನೆಲ್ ಬ್ಲೂ ಅವರನ್ನು ಹುಡುಕಿ ಕೇಳಿ. ಅದೇ ಬೆಳಗಿನ ಕಾರ್ಯಕ್ರಮ, ಆದರೆ ಜೋಕು, ಅಡುಗೆ, ತಮ್ಮ ಸೋಲುಗಳು ಇವೇ ಅವರ ವಿಷಯ. ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡ ಮೊದಲ ಬ್ರಿಟಿಷ್ ರಬ್ಬಿ ಅವರು. ಬೇಸರದ ಸೋಮವಾರಕ್ಕೆ ನಾನಂತೂ ಅವರನ್ನೇ ಹಾಕಿಕೊಳ್ಳುತ್ತೇನೆ.