ಆಲೂಗಡ್ಡೆ ನೆಡುವವರ ರಜೆ

ಮೈಸೂರಿನ ಓದುಗರೊಬ್ಬರು ಬರೆದಿದ್ದಾರೆ: ‘ಮೇ ತಿಂಗಳ ಮೊದಲ ವಾರ ಮಾಸ್ಕೋ, ಸೇಂಟ್ ಪೀಟರ್ಸ್‌ಬರ್ಗ್ ನೋಡಿ ಬಂದೆವು. ಮೆಟ್ರೊ ನಿಲ್ದಾಣಗಳು ಅರಮನೆಯ ಹಾಗಿವೆ. ರಾತ್ರಿ ನೆವಾ ನದಿಯ ಸೇತುವೆಗಳು ಮೇಲೇಳುವುದನ್ನೂ ನೋಡಿದೆವು. ಆದರೆ ಜನ ನಗುವುದೇ ಇಲ್ಲ. ಥಿಯೇಟರಿನ ಬಾಗಿಲಲ್ಲೇ ಕೋಟು ಬಿಚ್ಚಿಸುತ್ತಾರೆ. ರಜೆಯ ದಿನ ಊರೇ ಖಾಲಿ. ಎಲ್ಲಿ ಹೋದರು ಎಂದು ಕೇಳಿದರೆ ಆಲೂಗಡ್ಡೆ ನೆಡಲು ಎಂದ ನಮ್ಮ ಗೈಡ್. ಉಳಿದವರು ಬಿಸಿ ಹಬೆಯಲ್ಲಿ ಕೂತು ಒಬ್ಬರಿಗೊಬ್ಬರು ಸೊಪ್ಪಿನ ಕಟ್ಟಿನಲ್ಲಿ ಹೊಡೆದುಕೊಳ್ಳುತ್ತಾರಂತೆ. ಈ ಜನಕ್ಕೆ ಬಿಡುವು ಅಂದರೇನು ಎಂದೇ ಗೊತ್ತಿಲ್ಲ ಅನ್ನಿಸಿತು. ನನ್ನ ತಂಗಿಯ ಮಗ ಸೆಪ್ಟೆಂಬರಿನಲ್ಲಿ ತ್ವೇರ್ ಎಂಬ ಊರಿಗೆ ಮೆಡಿಕಲ್ ಓದಲು ಹೋಗುತ್ತಿದ್ದಾನೆ. ಅಲ್ಲಿ ಅವನು ಹೇಗೆ ಕಾಲ ಕಳೆಯಬೇಕು?’

ಸಂಪಾದಕರ ಉತ್ತರ:

ನಿಮ್ಮ ಪತ್ರ ಇಷ್ಟವಾಯಿತು. ನೋಡಿದ್ದನ್ನು ನೋಡಿದ ಹಾಗೇ ಬರೆದಿದ್ದೀರಿ. ಆದರೆ ನೀವು ಬಂದು ನಿಂತ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ರಷ್ಯನ್ನರಷ್ಟು ಆಸೆಯಿಂದ ರಜೆಯನ್ನು ಕಾಯುವ ಜನರನ್ನು ನಾನು ಕಡಿಮೆ ನೋಡಿದ್ದೇನೆ. ಅವರ ಬಿಡುವು ಪ್ರವಾಸಿಗಳ ದಾರಿಯಲ್ಲಿ ಸಿಗುವುದಿಲ್ಲ, ಅಷ್ಟೆ. ಊರು ಖಾಲಿ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ.

ಮೇ 1 ಕಾರ್ಮಿಕರ ದಿನ. ಮೇ 9 ಎರಡನೇ ಮಹಾಯುದ್ಧದ ವಿಜಯದ ದಿನ. ನಡುವೆ ಸಿಗುವ ರಜೆಗಳಲ್ಲಿ ಊರಿಗೆ ಊರೇ ಡಾಚಾ ಕಡೆ ಹೊರಡುತ್ತದೆ. ಡಾಚಾ ಅಂದರೆ ಊರ ಹೊರಗಿನ ಚಿಕ್ಕ ಮರದ ಮನೆ, ಸುತ್ತ ಒಂದು ತುಂಡು ಜಮೀನು. ಹಿಂದೆ ಇದು ಸಿರಿವಂತರ ಸ್ವತ್ತಾಗಿತ್ತು. ಸೋವಿಯತ್ ಕಾಲದಲ್ಲಿ, 1949ರ ಸರ್ಕಾರಿ ಆದೇಶದ ನಂತರ, ಕಾರ್ಖಾನೆ ಮತ್ತು ಕಚೇರಿಗಳ ಕೆಲಸಗಾರರಿಗೆ ತರಕಾರಿ ಬೆಳೆಯಲು ತುಂಡು ಜಮೀನು ಹಂಚುವುದು ದೊಡ್ಡ ಮಟ್ಟದಲ್ಲಿ ನಡೆಯಿತು. ಮುಂದೆ ಒಬ್ಬೊಬ್ಬರಿಗೆ 600 ಚದರ ಮೀಟರ್ ಎಂಬುದು ವಾಡಿಕೆಯ ಅಳತೆಯಾಯಿತು. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 6 ಗುಂಟೆ. ಸಿಕ್ಕಿದ್ದು ಒಳ್ಳೆಯ ಭೂಮಿಯೇನಲ್ಲ. ಎಷ್ಟೋ ಕಡೆ ಜೌಗು ನೆಲ, ಬರಡು ನೆಲ. ಜನ ಚರಂಡಿ ತೋಡಿ, ಗೊಬ್ಬರ ಹೊತ್ತು, ಸಿಕ್ಕ ಹಲಗೆ, ಹಳೇ ಕಿಟಕಿ ತಂದು ತಾವೇ ಮನೆ ಕಟ್ಟಿಕೊಂಡರು. ಆ ಮನೆ ಎಷ್ಟು ದೊಡ್ಡದಿರಬಹುದು ಎಂಬುದಕ್ಕೂ ನಿಯಮವಿತ್ತು.

ಇಷ್ಟು ಕಷ್ಟ ಯಾಕೆ ಪಟ್ಟರು? ಆಗ ಊರಲ್ಲಿ ಅವರು ಹೇಗೆ ಬದುಕುತ್ತಿದ್ದರು ಎಂಬುದನ್ನು ನೆನೆಯಬೇಕು. ಮಾಸ್ಕೋ, ಲೆನಿನ್‌ಗ್ರಾದ್ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ನಗರಗಳಲ್ಲಿ ಲಕ್ಷಾಂತರ ಜನ ‘ಕೊಮ್ಮುನಾಲ್ಕಾ’ಗಳಲ್ಲಿದ್ದರು. ಒಂದು ಮನೆ, ಒಂದೊಂದು ಕೋಣೆಗೆ ಒಂದೊಂದು ಸಂಸಾರ. ಎಲ್ಲರಿಗೂ ಒಂದೇ ಅಡುಗೆಮನೆ, ಒಂದೇ ಕಕ್ಕಸು. ಗೋಡೆಯಾಚೆ ಯಾರು ಕಿವಿಗೊಟ್ಟಿದ್ದಾರೋ ಎಂಬ ಅಂಜಿಕೆ ಬೇರೆ. 1950ರ ದಶಕದ ಕೊನೆಯಲ್ಲಿ ಕ್ರುಶ್ಚೇವ್ ಸರ್ಕಾರ ಐದು ಮಹಡಿಯ ಸಾಲು ಕಟ್ಟಡಗಳನ್ನು ಕಟ್ಟಿಸತೊಡಗಿತು. ಸಂಸಾರಕ್ಕೊಂದು ಬೇರೆ ಮನೆ ಸಿಕ್ಕಿತು, ಆದರೆ ಬಹಳ ಇಕ್ಕಟ್ಟು. 1967ರಲ್ಲಿ ವಾರಕ್ಕೆ ಐದು ದಿನದ ಕೆಲಸ ಜಾರಿಗೆ ಬಂದಾಗ ಶನಿವಾರವೂ ಕೈಗೆ ಸಿಕ್ಕಿತು. ಆ ಎರಡು ದಿನ ತಮ್ಮದೇ ಬೇಲಿಯೊಳಗೆ, ಯಾರ ಅಪ್ಪಣೆಯೂ ಇಲ್ಲದೆ ಗುದ್ದಲಿ ಹಿಡಿದವರಿಗೆ ಅದು ದುಡಿಮೆ ಅನ್ನಿಸಲಿಲ್ಲ. ಯಾವ ಗಿಡ ಎಲ್ಲಿ ನೆಡಬೇಕು ಎಂದು ತೀರ್ಮಾನಿಸುವವರು ಅವರೇ. ವಾರದ ಐದು ದಿನ ಇಲ್ಲದ ಯಜಮಾನಿಕೆ ಅದು.

ಆಮೇಲೆ ಬಂದದ್ದು ತೊಂಬತ್ತರ ದಶಕ. ಸೋವಿಯತ್ ಒಕ್ಕೂಟ ಒಡೆಯಿತು. 1992ರ ಒಂದೇ ವರ್ಷದಲ್ಲಿ ಬೆಲೆಗಳು 25 ಪಟ್ಟಿಗೂ ಜಾಸ್ತಿ ಏರಿದವು. ಜೀವಮಾನದ ಉಳಿತಾಯ ಕರಗಿಹೋಯಿತು. ತಿಂಗಳುಗಟ್ಟಲೆ ಸಂಬಳವಿಲ್ಲ. ಆಗ ಮೇಷ್ಟ್ರು, ಎಂಜಿನಿಯರು, ಡಾಕ್ಟರು ಎನ್ನದೆ ಎಲ್ಲರನ್ನೂ ಕಾಪಾಡಿದ್ದು ಈ ಆರು ಗುಂಟೆ. ದೇಶದ ಆಲೂಗಡ್ಡೆಯ ಬಹುಪಾಲು ಬಂದದ್ದು ಜನರ ಸ್ವಂತ ಹಿತ್ತಲುಗಳಿಂದ. ನಿಮ್ಮ ಗೈಡ್ ಹೇಳಿದ ಆಲೂಗಡ್ಡೆಯಲ್ಲಿ ಈ ನೆನಪೂ ಇದೆ. ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಆದರೂ ಅಜ್ಜಿಯರು ನೆಡುವುದನ್ನು ಬಿಟ್ಟಿಲ್ಲ. ಹುಲ್ಲುಹಾಸು ಹಾಕೋಣ, ಕೆಂಡದ ಮೇಲೆ ಮಾಂಸ ಸುಟ್ಟು ತಿಂದು ಹಾಯಾಗಿರೋಣ ಅನ್ನುವ ಮಕ್ಕಳು ಒಂದು ಕಡೆ, ಎರಡು ಸಾಲಾದರೂ ಆಲೂಗಡ್ಡೆ ಇರಲಿ ಅನ್ನುವ ಅಜ್ಜಿ ಇನ್ನೊಂದು ಕಡೆ. ಎಷ್ಟೋ ಮನೆಗಳಲ್ಲಿ ಈ ಜಗಳ ಇಂದಿಗೂ ಮುಗಿದಿಲ್ಲ. ನಾನು ಅಜ್ಜಿಯರ ಪಕ್ಷ.

ನಾನೊಮ್ಮೆ ಜೂನ್ ತಿಂಗಳಲ್ಲಿ ಅಂಥದೊಂದು ಮನೆಗೆ ಹೋಗಿದ್ದೆ. ‘ಎಲೆಕ್ಟ್ರಿಚ್ಕಾ’ ಎಂಬ ಲೋಕಲ್ ರೈಲಿನಲ್ಲಿ ಎಲ್ಲರ ಕಾಲ ಬಳಿಯೂ ಒಂದೊಂದು ಚೀಲ, ಒಂದೊಂದು ನಾಯಿ ಅಥವಾ ಬೆಕ್ಕು. ಟೊಮೆಟೊ ಸಸಿಗಳನ್ನು ಫೆಬ್ರುವರಿ, ಮಾರ್ಚ್‌ನಲ್ಲೇ ಊರಿನ ಮನೆಯ ಕಿಟಕಿಯಲ್ಲಿ ಬೆಳೆಸಿರುತ್ತಾರೆ. ಹೊರಗೆ ಹಿಮ ಬೀಳುತ್ತಿರುತ್ತದೆ, ಒಳಗೆ ಹಾಲಿನ ಖಾಲಿ ಡಬ್ಬಿಗಳಲ್ಲಿ ಸಸಿ. ಮನೆಯ ಯಜಮಾನಿ ನಿವೃತ್ತ ಎಂಜಿನಿಯರ್. ಬಂದ ಅತಿಥಿಗೆ ಮೊದಲು ಕೊಟ್ಟದ್ದು ರಬ್ಬರ್ ಬೂಟು ಮತ್ತು ಗುದ್ದಲಿ. ಮಧ್ಯಾಹ್ನದವರೆಗೆ ಕಳೆ ತೆಗೆದೆವು. ಆಮೇಲೆ ಸೇಬಿನ ಮರದ ಕೆಳಗೆ ಮೇಜು. ಕಪ್ಪು ಬ್ರೆಡ್, ಮೂಲಂಗಿ, ಸಬ್ಬಸಿಗೆ ಉದುರಿಸಿದ ಆಲೂಗಡ್ಡೆ, ಮತ್ತೆ ಮತ್ತೆ ಚಹಾ. ರಾತ್ರಿ ಹತ್ತಾದರೂ ಬೆಳಕು. ಅಂದು ಆ ಮೇಜಿನ ಸುತ್ತ ನಡೆದಷ್ಟು ಮಾತು, ನಗು, ವಾದ ನಾನು ಬೇರೆ ಎಲ್ಲೂ ಕಂಡಿಲ್ಲ. ನಗುವುದಿಲ್ಲ ಅಂದಿರಲ್ಲ, ಗುರುತಿಲ್ಲದವರನ್ನು ನೋಡಿ ಸುಮ್ನೆ ನಗುವ ಅಭ್ಯಾಸ ಅವರಿಗಿಲ್ಲ, ನಿಜ. ಕಾರಣವಿಲ್ಲದ ನಗು ಪೆದ್ದತನದ ಗುರುತು ಎಂಬ ಗಾದೆಯೇ ಅಲ್ಲಿದೆ. ಮೇಜಿನ ಮುಂದೆ ಕೂತ ಮೇಲೆ ಕಾರಣಗಳಿಗೇನೂ ಕಡಿಮೆಯಿಲ್ಲ.

ಇನ್ನು ಹಬೆಸ್ನಾನ. ಇದಕ್ಕೆ ‘ಬಾನ್ಯಾ’ ಅನ್ನುತ್ತಾರೆ. ಕೆಂಪಗೆ ಕಾದ ಕಲ್ಲುಗಳ ಮೇಲೆ ನೀರು ಚೆಲ್ಲಿ ಹಬೆ ಎಬ್ಬಿಸುತ್ತಾರೆ. ತಲೆಗೆ ಬಿಸಿ ತಾಗದಿರಲಿ ಎಂದು ಉಣ್ಣೆಯ ಟೋಪಿ. ನೀವು ಹೇಳಿದ ಸೊಪ್ಪಿನ ಕಟ್ಟು ಸಾಮಾನ್ಯವಾಗಿ ಬರ್ಚ್ ಮರದ್ದು, ಕೆಲವೊಮ್ಮೆ ಓಕ್ ಮರದ್ದು. ಬೇಸಿಗೆಯಲ್ಲಿ ಕಟ್ಟಿ ಒಣಗಿಸಿಟ್ಟು, ಬಳಸುವ ಮುಂಚೆ ನೀರಲ್ಲಿ ನೆನೆಸುತ್ತಾರೆ. ಅದರಿಂದ ಹೊಡೆಯುವುದು ಕಡಿಮೆ, ಬಿಸಿ ಗಾಳಿಯನ್ನು ಬೀಸಿ ಮೈಗೆ ಒತ್ತುವುದೇ ಜಾಸ್ತಿ. ಆಮೇಲೆ ತಣ್ಣೀರಿನ ಕೊಳ, ಹಳ್ಳಿಯಲ್ಲಾದರೆ ನದಿ ಅಥವಾ ಹಿಮದ ರಾಶಿ. ಮತ್ತೆ ಚಹಾ, ಮತ್ತೆ ಹಬೆ. ಮೂರು ನಾಲ್ಕು ಗಂಟೆ ಹೀಗೇ ಹೋಗುತ್ತದೆ. ಮನೆಯಲ್ಲಿ ಬಚ್ಚಲೇ ಇಲ್ಲದ ಕಾಲದಲ್ಲಿ ವಾರಕ್ಕೊಮ್ಮೆ ಇಡೀ ಬೀದಿ ಸಾರ್ವಜನಿಕ ಬಾನ್ಯಾಕ್ಕೆ ಹೋಗುತ್ತಿತ್ತು. ಈಗ ಬಚ್ಚಲಿದೆ, ಆದರೂ ಹೋಗುತ್ತಾರೆ. ಮಾಸ್ಕೋದಲ್ಲಿ ‘ಸಂದುನಿ’ ಎಂಬ ಬಾನ್ಯಾ 1808ರಿಂದ ಇದೆ. ಕಟ್ಟಿಸಿದವರು ಸಂದುನೋವ್ ಎಂಬ ರಂಗನಟ ಮತ್ತು ಗಾಯಕಿಯಾಗಿದ್ದ ಅವನ ಹೆಂಡತಿ. ಒಳಗೆ ಹೋದ ಮೇಲೆ ಜನರಲ್ ಯಾರು, ಗುಮಾಸ್ತ ಯಾರು ಎಂದು ಗೊತ್ತಾಗುವ ಬಗೆಯಿಲ್ಲ. ನೀವು ಅದನ್ನು ದೂರದಿಂದ ಕೇಳಿ ಬಂದಿದ್ದೀರಿ. ಒಂದು ಸಲ ಒಳಗೆ ಹೋಗಿದ್ದರೆ ಬೇರೆ ಪತ್ರ ಬರೆಯುತ್ತಿದ್ದಿರಿ.

ಕೋಟಿನ ವಿಷಯ. ಆರು ತಿಂಗಳು ಹಿಮ, ಕೆಸರು ಇರುವ ದೇಶದಲ್ಲಿ ಒದ್ದೆ ಕೋಟು ತೊಟ್ಟು ವೆಲ್ವೆಟ್ ಕುರ್ಚಿಯಲ್ಲಿ ಕೂರಲಾಗದು. ಹೆಂಗಸರು ಚೀಲದಲ್ಲಿ ಬೇರೆ ಶೂ ತಂದು, ಬೂಟು ಬದಲಿಸಿ ಒಳಗೆ ಹೋಗುತ್ತಾರೆ. ರಂಗಭೂಮಿ ಶುರುವಾಗುವುದೇ ಕೋಟಿನ ಗೂಟದಿಂದ ಎಂಬ ಮಾತು ಸ್ತಾನಿಸ್ಲಾವ್‌ಸ್ಕಿ ಹೆಸರಿನಲ್ಲಿ ಓಡಾಡುತ್ತದೆ. 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಕಟ್ಟಿದ ಇಬ್ಬರಲ್ಲಿ ಅವರೊಬ್ಬರು. ನಾಟಕಕ್ಕೆ ಹೋಗುವುದು ಅಲ್ಲಿ ದೊಡ್ಡವರ ಷೋಕಿಯಲ್ಲ. ಚಿಕ್ಕ ಊರಿನಲ್ಲೂ ಸರ್ಕಾರದ ದುಡ್ಡಿನಿಂದ ನಡೆಯುವ ತಂಡವಿರುತ್ತದೆ. ಹಲವು ನಾಟಕಗಳನ್ನು ಸರದಿಯಂತೆ ಆಡುತ್ತಾರೆ.

ಈ ರಂಗಭೂಮಿಗೆ ಈಗ ಕೆಟ್ಟ ಕಾಲ. ಅದನ್ನು ಹೇಳದೆ ಬರೀ ಚಂದದ ಮಾತು ಬರೆದರೆ ನಿಮಗೆ ಮೋಸ ಮಾಡಿದ ಹಾಗೆ. 2022ರಲ್ಲಿ ಉಕ್ರೇನಿನ ಮೇಲೆ ದೊಡ್ಡ ದಾಳಿ ಶುರುವಾದ ಮೇಲೆ ಎಷ್ಟೋ ಕಲಾವಿದರು ದೇಶ ಬಿಟ್ಟರು. ನಿರ್ದೇಶಕಿ ಯೆವ್ಗೇನಿಯಾ ಬೆರ್ಕೊವಿಚ್ ಮತ್ತು ನಾಟಕಕಾರ್ತಿ ಸ್ವೆತ್ಲಾನಾ ಪೆತ್ರಿಯ್‌ಚುಕ್ ಅವರಿಗೆ ಒಂದು ನಾಟಕದ ಕಾರಣಕ್ಕೆ 2024ರಲ್ಲಿ ಆರು ವರ್ಷ ಸೆರೆವಾಸ ವಿಧಿಸಲಾಯಿತು. ಊಟದ ಮೇಜಿನ ಸುತ್ತ ದನಿ ತಗ್ಗಿಸಿ ಮಾತಾಡುವ ಅಭ್ಯಾಸ ಮರಳಿ ಬಂದಿದೆ. ಆ ಜನರ ಮೇಲೆ ನನಗೆ ಪ್ರೀತಿಯಿದೆ. ಅದಕ್ಕೇ ಇದನ್ನು ನೆನೆದು ಸಂಕಟವಾಗುತ್ತದೆ.

ಈಗ ನಿಮ್ಮ ತಂಗಿಯ ಮಗನ ವಿಷಯ. ತ್ವೇರ್ ಅಂದರೆ ನಮಗೆ ಹೊಸ ಊರಲ್ಲ. 15ನೇ ಶತಮಾನದಲ್ಲಿ ಅಲ್ಲಿಂದ ಹೊರಟ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ಒಂದು ಕುದುರೆ ಮಾರಲು ನಮ್ಮ ಬೀದರಿನವರೆಗೆ ಬಂದಿದ್ದ. ಆಗ ಅದು ಬಹಮನಿ ಸುಲ್ತಾನರ ರಾಜಧಾನಿ. ಸುಲ್ತಾನ ತಾಯಿ, ಹೆಂಡತಿಯರ ಜತೆ ವಿಹಾರಕ್ಕೆ ಹೊರಟರೆ ಹಿಂದೆ ಮುಂದೆ ಎಷ್ಟು ಆನೆ, ಎಷ್ಟು ಕುಣಿಯುವವರು, ಎಷ್ಟು ಕೋತಿ ಎಂದು ಬೆರಗಿನಿಂದ ಬರೆದಿಟ್ಟ. ಹಳ್ಳಿಯವರು ಬಹಳ ಬಡವರು ಎಂಬುದನ್ನೂ ಬರೆದ. ಮೊದಮೊದಲು ಹಿಂದೂಗಳು ಅವನಿಂದ ದೂರವಿದ್ದರು. ತಾನು ಮುಸ್ಲಿಮನಲ್ಲ, ಕ್ರೈಸ್ತ, ತನ್ನ ಹೆಸರು ಅಫನಾಸಿ ಎಂದು ಬಾಯಿಬಿಟ್ಟು ಹೇಳಿದ ಮೇಲೆ ಅವರು ಊಟ, ವ್ಯಾಪಾರ, ಪೂಜೆ ಯಾವುದನ್ನೂ ಮುಚ್ಚಿಡಲಿಲ್ಲ. ಅವರ ಜತೆಯಲ್ಲೇ ಶಿವರಾತ್ರಿಯ ಯಾತ್ರೆಗೆ ಶ್ರೀಶೈಲಕ್ಕೂ ಹೋಗಿಬಂದ. ಊರು ತಲುಪುವ ಮುಂಚೆ, ಸ್ಮೊಲೆನ್ಸ್ಕ್ ಹತ್ತಿರ ತೀರಿಕೊಂಡ. ತ್ವೇರ್‌ನಲ್ಲಿ ವೋಲ್ಗಾ ದಂಡೆಯ ಮೇಲೆ 1955ರಲ್ಲಿ ನಿಲ್ಲಿಸಿದ ಅವನ ಪ್ರತಿಮೆಯಿದೆ. ಹುಡುಗ ಅದನ್ನು ನೋಡದೆ ಇರಬಾರದು.

ಅವನು ಹೋಗುವ ಸೆಪ್ಟೆಂಬರ್ ಅಣಬೆಯ ಕಾಲ. ಬುಟ್ಟಿ, ಚಾಕು ಹಿಡಿದು ಜನ ಬೆಳಗಿನ ಜಾವವೇ ಕಾಡಿಗೆ ಹೋಗುತ್ತಾರೆ. ನಮ್ಮ ಮಲೆನಾಡಿನವರ ಹಾಗೇ, ಅಣಬೆ ಸಿಗುವ ಜಾಗ ಮಾತ್ರ ಯಾರಿಗೂ ಹೇಳುವುದಿಲ್ಲ. ಗೊತ್ತಿರುವವರ ಜತೆಯಷ್ಟೇ ಹೋಗಲಿ. ವಿಷದ ಅಣಬೆಗೆ ಪ್ರತಿ ವರ್ಷ ಜನ ಬಲಿಯಾಗುತ್ತಾರೆ. ಜನವರಿ 19ರಂದು ಹೆಪ್ಪುಗಟ್ಟಿದ ನದಿಯಲ್ಲಿ ರಂಧ್ರ ಕೊರೆದು ಮೂರು ಸಲ ಮುಳುಗೇಳುವ ಹಬ್ಬವಿದೆ. ಮೊದಲ ವರ್ಷ ದಡದಲ್ಲಿ ನಿಂತು ನೋಡಿದರೆ ಸಾಕು.

ಭಾರತೀಯ ಹುಡುಗರು ಹಾಸ್ಟೆಲಿನಲ್ಲಿ ತಮ್ಮತಮ್ಮಲ್ಲೇ ಇದ್ದು ಆರು ವರ್ಷ ಕಳೆದುಬಿಡುವುದುಂಟು. ಅವನು ಹಾಗೆ ಮಾಡದಿರಲಿ. ಭಾಷೆಯನ್ನು ಮೊದಲ ಚಳಿಗಾಲದಲ್ಲೇ ಕಲಿಯಲಿ, ರೋಗಿಗಳ ಜತೆ ಮಾತಾಡಲೂ ಅದು ಬೇಕು. ಇನ್ನೊಂದು ಮಾತನ್ನು ಮನೆಯವರೆಲ್ಲ ಕೂತು ಅವನಿಗೆ ಹೇಳಿ. ಜಾಸ್ತಿ ಸಂಬಳದ ಕೆಲಸ ಎಂದು ಯಾರಾದರೂ ರಷ್ಯನ್ ಭಾಷೆಯ ಕಾಗದಕ್ಕೆ ಸಹಿ ಕೇಳಿದರೆ ಹಾಕಬಾರದು. ಹಾಗೆ ನಂಬಿ ಹೋದ ಕಲಬುರಗಿ ಜಿಲ್ಲೆಯ ಯುವಕರು ರಷ್ಯಾ ಸೈನ್ಯದ ಜತೆ ಯುದ್ಧಭೂಮಿಯಲ್ಲಿ ಸಿಕ್ಕಿಬಿದ್ದಿದ್ದರು. 2024ರಲ್ಲಿ ಪಾರಾಗಿ ಬಂದರು.

ಸಹಪಾಠಿಯೊಬ್ಬ ಡಾಚಾಕ್ಕೆ ಕರೆದರೆ ಎರಡು ಸಲ ಯೋಚಿಸದೆ ಹೋಗಲಿ. ಬಾಗಿಲಲ್ಲೇ ಚಪ್ಪಲಿ ಬಿಡಲಿ, ಇದು ಅವನಿಗೆ ಹೇಳಿಕೊಡಬೇಕಾದ್ದಲ್ಲ. ಮನೆಯ ಹೆಂಗಸರಿಗೆ ಹೂ ಒಯ್ಯುವುದಾದರೆ ಮೂರು ಅಥವಾ ಐದು ಇರಲಿ. ಎರಡು, ನಾಲ್ಕು ಎಂದು ಸರಿಸಂಖ್ಯೆಯಲ್ಲಿ ಕೊಡುವುದು ಸಾವಿನ ಮನೆಗೆ. ಇಲ್ಲಿಂದ ಹೋಗುವಾಗ ಒಳ್ಳೆಯ ಚಹಾಪುಡಿಯ ಒಂದಷ್ಟು ಪೊಟ್ಟಣ ಇಟ್ಟುಕೊಂಡಿರಲಿ. ಮಾಂಸ ತಿನ್ನುವವನಲ್ಲವಾದರೆ ಮೊದಲೇ ಹೇಳಿಬಿಡಲಿ. ಆಲೂಗಡ್ಡೆ, ಅಣಬೆ, ಸೌತೆ ಉಪ್ಪಿನಕಾಯಿ, ಎಲೆಕೋಸು ಹೇಗೂ ಇರುತ್ತವೆ. ಗುದ್ದಲಿ ಕೊಟ್ಟರೆ ತೆಗೆದುಕೊಳ್ಳಲಿ.