ಕೇಳದೆ ಬರೆದ ಹೇಳಿಕೆ

ಆಪ್ತಸಲಹೆಗಾರ್ತಿಯಾಗಿ ನಾನು ಕಂಡ ಈ ಪ್ರಕರಣದ ಹುಡುಗನನ್ನು ನಿಖಿಲ್ ಎನ್ನೋಣ. ಹೆಸರು, ಕಾಲೇಜು, ಅವನು ಅಸೈನ್‌ಮೆಂಟಿಗೆ ಆರಿಸಿಕೊಂಡ ಸಂಸ್ಥೆ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯುವುದಕ್ಕೆ ಅವನ ಮತ್ತು ತಂದೆತಾಯಿಯ ಒಪ್ಪಿಗೆ ಪಡೆದಿದ್ದೇನೆ.

ಮೊದಲು ಫೋನ್ ಮಾಡಿದ್ದು ತಂದೆ. "ಮೇಡಂ, ಹುಡುಗ ಕಾಲೇಜಿಗೆ ಹೋಗಲು ಒಲ್ಲೆ ಎನ್ನುತ್ತಿದ್ದಾನೆ. ಬೆಳಿಗ್ಗೆ ಎದ್ದರೆ ಹೊಟ್ಟೆನೋವು. ಡಾಕ್ಟರು ಏನೂ ಇಲ್ಲ ಎಂದರು. ಈ ಕೋರ್ಸೇ ಅವನಿಗೆ ಆಗಿಬರುತ್ತಿಲ್ಲ. ನೀವೊಮ್ಮೆ ಬುದ್ಧಿ ಹೇಳಿ." ಬುದ್ಧಿ ಹೇಳುವುದು ನನ್ನ ಕೆಲಸವಲ್ಲ ಎಂದು ಫೋನಿನಲ್ಲಿ ವಾದಿಸಿ ಪ್ರಯೋಜನವಿಲ್ಲ. ಮೂವರೂ ಬನ್ನಿ ಎಂದೆ.

ನಿಖಿಲ್ ಓದುತ್ತಿರುವುದು ಇಂಗ್ಲೆಂಡಿನಲ್ಲಿ, ಬಿಸಿನೆಸ್ ವಿಷಯದ ಬಿಟೆಕ್ ನ್ಯಾಷನಲ್ ಎಕ್ಸ್‌ಟೆಂಡೆಡ್ ಡಿಪ್ಲೊಮಾ. ನಮ್ಮ ಕಡೆಯ ಎಂಜಿನಿಯರಿಂಗ್ ಪದವಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇದು ಹದಿನಾರು ದಾಟಿದವರು ಎ ಲೆವೆಲ್ (ಅಲ್ಲಿನ ಪಿಯುಸಿ ಮಟ್ಟದ ವಿಷಯವಾರು ಓದು) ಬದಲಿಗೆ ತೆಗೆದುಕೊಳ್ಳಬಹುದಾದ ವೃತ್ತಿಪರ ಓದು. ಅಲ್ಲಿನ ಅರ್ಹತೆಗಳ ಶ್ರೇಣಿಯಲ್ಲಿ ಹಂತ 3ರದ್ದು, ಗಾತ್ರದಲ್ಲಿ ಮೂರು ಎ ಲೆವೆಲ್‌ಗಳಿಗೆ ಸಮ, ಈಗ ನಡೆಸುತ್ತಿರುವುದು ಪಿಯರ್ಸನ್ ಎಂಬ ಪರೀಕ್ಷಾ ಸಂಸ್ಥೆ. ಊರಿನ ನೆಂಟರು "ಹುಡುಗ ಬಿಟೆಕ್ ಅಂತೆ, ಯಾವ ಬ್ರಾಂಚು?" ಎಂದು ಕೇಳಿದಾಗ ತಂದೆ ತಿದ್ದಲು ಹೋಗಿರಲಿಲ್ಲ. ಅದನ್ನು ಅವರೇ ಹೇಳಿದರು, ಅರ್ಧ ನಗುತ್ತ, ಮಗನ ಮುಖ ನೋಡದೆ.

ಮಾತೆಲ್ಲ ತಾಯಿಯದು. "ಮನೆಗೆ ಯಾರಾದರೂ ಬಂದರೆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾನೆ. ಫೋನ್ ರಿಂಗಾದರೆ ನನ್ನ ಕೈಗೆ ಕೊಡುತ್ತಾನೆ. ಈಗ ಪಿಆರ್, ಅಂದರೆ ಸಾರ್ವಜನಿಕ ಸಂಪರ್ಕದ ಕೆಲಸ, ಮಾಡುತ್ತೇನೆ ಎನ್ನುತ್ತಾನಲ್ಲ, ಅದು ಬಾಯಿದ್ದವರ ಕೆಲಸವಲ್ಲವೇ ಮೇಡಂ?" ತಂದೆಯದು ಬೇರೆ ತಕರಾರು. ಪಿಆರ್ ಎಂದರೆ ಸುಳ್ಳಿಗೆ ಬಣ್ಣ ಹಚ್ಚುವುದು, ಅದನ್ನು ಕಲಿಯಲು ಡಿಪ್ಲೊಮಾ ಏಕೆ ಎಂದು. ನಿಖಿಲ್ ನೆಲ ನೋಡುತ್ತ ಕುಳಿತಿದ್ದ. ಕೊನೆಯಲ್ಲಿ "ಆಂಟಿ, ನಾನು ಒಬ್ಬನೇ ಮಾತಾಡಬಹುದೇ?" ಎಂದ. ಅಷ್ಟು ಕೇಳಿದ ಹುಡುಗನಿಗೆ ಬಾಯಿಲ್ಲ ಎಂದು ಒಪ್ಪಲು ನನ್ನಿಂದಾಗಲಿಲ್ಲ.

ಒಬ್ಬನೇ ಬಂದಾಗ ಲ್ಯಾಪ್‌ಟಾಪ್ ತಂದಿದ್ದ. ಕಾಲೇಜು ಕೊಟ್ಟ ಕೆಲಸ ಇಷ್ಟು: ಒಂದು ಸಂಸ್ಥೆಯನ್ನು ಆರಿಸಿಕೊಂಡು, ಅದು ಸಾರ್ವಜನಿಕರೊಡನೆ ಹೇಗೆ ಸಂಪರ್ಕ ಇಟ್ಟುಕೊಂಡಿದೆ ಎಂದು ವಿವರಿಸಬೇಕು, ಒಂದು ಸಣ್ಣ ಪ್ರಚಾರ ಯೋಜನೆ ಹಾಕಬೇಕು, ಅದಕ್ಕೊಂದು ಪತ್ರಿಕಾ ಪ್ರಕಟಣೆ ಬರೆಯಬೇಕು. ಇವನು ಸ್ವಯಂಸೇವಕರು ನಡೆಸುವ ಒಂದು ಗ್ರಂಥಾಲಯವನ್ನು ಆರಿಸಿಕೊಂಡಿದ್ದ. ವಿವರಣೆಯ ಭಾಗ ಚೆನ್ನಾಗಿತ್ತು, ನಿಜಕ್ಕೂ ಚೆನ್ನಾಗಿತ್ತು. ಗ್ರಂಥಾಲಯಕ್ಕೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ, ಬಾರದವರಿಗೆ ಅದರ ಬಗ್ಗೆ ಏನು ಗೊತ್ತು ಎಂದು ಹೊರಗಿನ ಬೆಂಚಿನ ಮೇಲೆ ಕುಳಿತು ಗಮನಿಸಿ ಬರೆದಿದ್ದ. ಪ್ರಕಟಣೆಯಲ್ಲಿ ಮಾತ್ರ ಗ್ರಂಥಾಲಯದ ವ್ಯವಸ್ಥಾಪಕಿಯ ಹೆಸರಿನಲ್ಲಿ, ಉದ್ಧರಣ ಚಿಹ್ನೆಯೊಳಗೆ, ಎರಡು ವಾಕ್ಯ. "ನಮ್ಮ ಬಾಗಿಲು ಎಲ್ಲರಿಗೂ ತೆರೆದಿದೆ" ಎಂಬ ಧಾಟಿಯವು. ಅದರ ಪಕ್ಕದಲ್ಲಿ ಮೇಷ್ಟ್ರು ಒಂದೇ ಪ್ರಶ್ನೆ ಬರೆದಿದ್ದರು: ಈ ಮಾತನ್ನು ಅವರು ಯಾವಾಗ ಹೇಳಿದರು?

ಅವರು ಹೇಳಿರಲಿಲ್ಲ. ಇವನು ಅವರಿಗೆ ಫೋನ್ ಮಾಡಬೇಕಿತ್ತು. ಮಾಡಲು ಆಗಲಿಲ್ಲ, ಗಡುವು ಬಂತು, ಬರೆದು ಕಳುಹಿಸಿದ. ಇದು ನನ್ನದೇ ಕೆಲಸ ಎಂಬ ಘೋಷಣೆಗೆ ಸಹಿಯನ್ನೂ ಹಾಕಿದ್ದ. ಹೊಟ್ಟೆನೋವು ಶುರುವಾದದ್ದು ಮೇಷ್ಟ್ರ ಆ ಸಾಲು ಓದಿದ ಮರುದಿನ.

ಹಾಗಾಗಿ ಕೋರ್ಸು ಆಗಿಬರುತ್ತಿಲ್ಲ ಎಂಬುದೂ, ಹುಡುಗನಿಗೆ ಮಾತು ಬಾರದು ಎಂಬುದೂ ಈ ಪ್ರಕರಣದ ತಿರುಳಲ್ಲ ಎಂದು ನನಗೆ ಅಷ್ಟು ಹೊತ್ತಿಗೆ ಖಾತ್ರಿಯಾಗಿತ್ತು. ಮಾತು ಕಡಿಮೆ ಇರುವುದು ಒಂದು ಸ್ವಭಾವ. ಕೇಳಬೇಕಾದದ್ದನ್ನು ಕೇಳದೆ ತಪ್ಪಿಸಿಕೊಳ್ಳುವುದು ಒಂದು ಅಭ್ಯಾಸ. ಮನೆಯವರು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರು, ಹುಡುಗನೂ ಅದನ್ನೇ ನಂಬಿದ್ದ. ಸ್ವಭಾವವನ್ನು ಬದಲಿಸಬೇಕಾಗಿಲ್ಲ. ಅಭ್ಯಾಸವನ್ನು ಬದಲಿಸಬಹುದು.

ಆಪ್ತಸಲಹೆಗೆ ಬರುವ ಮೊದಲು ಕೆಲವು ಕಾಲ ನಾನು ಒಂದು ಸಂಸ್ಥೆಯ ಸಾರ್ವಜನಿಕ ಸಂಪರ್ಕ ವಿಭಾಗದಲ್ಲಿ ಇದ್ದವಳು. ಅಲ್ಲಿ ಹೆಚ್ಚು ಕೆಲಸ ಮಾಡುತ್ತಿದ್ದವರು ಹೆಚ್ಚು ಮಾತಾಡುವವರಾಗಿರಲಿಲ್ಲ. ಪತ್ರಿಕೆಯವರು ಸಂಜೆ ನಾಲ್ಕಕ್ಕೆ ಕೇಳಿದ ಅಂಕಿಯನ್ನು ಐದರೊಳಗೆ ಹುಡುಕಿ, ಸರಿಯೇ ಎಂದು ಇನ್ನೊಬ್ಬರಿಂದ ಖಚಿತಪಡಿಸಿಕೊಂಡು ಕಳುಹಿಸುತ್ತಿದ್ದವರೇ ಬೆನ್ನೆಲುಬು. ಇದನ್ನು ನಿಖಿಲ್‌ಗೆ ಹೇಳಿದೆ. ಅಧಿಕಾರಿಗಳ ಹೇಳಿಕೆಯನ್ನು ಸಂಪರ್ಕ ವಿಭಾಗದವರೇ ಬರೆದುಕೊಡುವುದು ಈ ವೃತ್ತಿಯಲ್ಲಿ ದಿನನಿತ್ಯದ ಸಂಗತಿ ಎಂದೂ ಹೇಳಿದೆ. ಅವನ ಮುಖ ಒಮ್ಮೆಲೇ ಅರಳಿತು. ಆಮೇಲೆ ಉಳಿದರ್ಧ ಹೇಳಿದೆ: ಬರೆದುಕೊಟ್ಟ ಮೇಲೆ ಅದು ಅವರ ಮೇಜಿಗೆ ಹೋಗುತ್ತದೆ, ಅವರು ತಿದ್ದುತ್ತಾರೆ ಇಲ್ಲವೇ ಬೇಡ ಎನ್ನುತ್ತಾರೆ, ಒಪ್ಪಿಗೆ ಬಂದ ಮೇಲಷ್ಟೇ ಹೊರಗೆ ಹೋಗುತ್ತದೆ. "ನೀನು ಮೊದಲರ್ಧ ಮಾಡಿದ್ದೀಯ" ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು "ಹಾಗಾದರೆ ಫೋನ್ ಮಾಡಲೇಬೇಕಾ ಆಂಟಿ?" ಎಂದು ಕೇಳಿದ.

ಫೋನಲ್ಲ, ಇಮೇಲ್ ಸಾಕು. ಇದು ಅವನಿಗೆ ಹೊಳೆದೇ ಇರಲಿಲ್ಲ. ವೃತ್ತಿಯಲ್ಲೂ ಹೇಳಿಕೆಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದೇ ಕ್ಷೇಮ. ನಾಳೆ ಯಾರಾದರೂ "ನಾನು ಹಾಗೆ ಹೇಳಿಲ್ಲ" ಎಂದರೆ ತೋರಿಸಲು ಕಾಗದ ಇರಬೇಕು. ಆದರೆ ಇಮೇಲ್ ಎಂಬ ಅನುಕೂಲವನ್ನು ಇಡೀ ಬದುಕಿಗೆ ಊರುಗೋಲು ಮಾಡಿಕೊಳ್ಳುವುದು ಬೇಡ ಎಂದು, ಸಣ್ಣ ಸಣ್ಣ ಫೋನ್ ಕರೆಗಳ ಅಭ್ಯಾಸವನ್ನೂ ಹಾಕಿಕೊಟ್ಟೆ. ಮೊದಲಿಗೆ ಒಂದು ಅಂಗಡಿ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ಕೇಳುವುದು. ಆಮೇಲೆ ದಂತವೈದ್ಯರ ಅಪಾಯಿಂಟ್‌ಮೆಂಟ್ ಬದಲಿಸುವುದು. ಕೇಳಬೇಕಾದ ಮೊದಲ ವಾಕ್ಯವನ್ನು ಕಾಗದದಲ್ಲಿ ಬರೆದು ಎದುರಿಗಿಟ್ಟುಕೊಳ್ಳಬಹುದು, ಎರಡನೆಯದನ್ನು ಬರೆದುಕೊಳ್ಳಬಾರದು. ಫೋನಿನ ಅಂಜಿಕೆ ಇರುವವರಿಗೆ ಇದನ್ನು ಆಗಾಗ ಸೂಚಿಸುತ್ತೇನೆ. ಒಮ್ಮೆ ಬಾಯಿ ತೆರೆದ ಮೇಲೆ ಮುಂದಿನ ಮಾತು ತಾನಾಗಿ ಬರುತ್ತದೆ.

ಅಸೈನ್‌ಮೆಂಟಿನ ವಿಷಯದಲ್ಲಿ ನನ್ನ ಕೈ ಕಟ್ಟಿತ್ತು. ಬಿಟೆಕ್‌ನಲ್ಲಿ ಕಾಲೇಜಿನವರೇ ಮೌಲ್ಯಮಾಪನ ಮಾಡುವ ಕೆಲಸವನ್ನು ಒಮ್ಮೆ ಮರುಸಲ್ಲಿಸಲು ಅವಕಾಶ ಉಂಟು. ಆದರೆ ಅದು ಹಕ್ಕಲ್ಲ. ಮೊದಲ ಗಡುವನ್ನು ಪಾಲಿಸಿರಬೇಕು, ಕೆಲಸ ಅವನದೇ ಆಗಿರಬೇಕು, ಮುಂದೆ ಮಾರ್ಗದರ್ಶನ ಇಲ್ಲದೆಯೇ ಉತ್ತಮಪಡಿಸಬಲ್ಲ ಎಂದು ಮೇಷ್ಟ್ರಿಗೆ ಅನ್ನಿಸಬೇಕು. ಅನುಮತಿ ಸಿಕ್ಕರೆ, ಫಲಿತಾಂಶ ತಿಳಿದ 15 ಕೆಲಸದ ದಿನಗಳೊಳಗೆ ಮುಗಿಸಬೇಕು. ಮೇಷ್ಟ್ರೇ ಹೇಳಿಕೊಡಬಾರದು ಎಂದ ಮೇಲೆ ನಾನು ಹಿಂಬಾಗಿಲಾಗುವುದು ನ್ಯಾಯವಲ್ಲ. ತಂದೆ ಮಾತ್ರ "ನೀವು ಈ ಕೆಲಸದಲ್ಲಿ ಇದ್ದವರಲ್ಲವೇ, ಒಂದು ಸಲ ತಿದ್ದಿಕೊಡಿ" ಎಂದು ಕೇಳಿಯೇ ಕೇಳಿದರು. ಇಲ್ಲ ಎಂದೆ.

ಹಾಗಾಗಿ ಅವನ ಪ್ರಕಟಣೆಯನ್ನು ನಾನು ಮುಟ್ಟಲಿಲ್ಲ. ನನ್ನ ಸಲಹೆ ಬೇರೆ ಕಡೆಗಿತ್ತು. ಮರುಸಲ್ಲಿಕೆಯ ಅರ್ಜಿಗೆ ಮೊದಲೇ ಮೇಷ್ಟ್ರ ಬಳಿ ಹೋಗಿ, ಆ ಎರಡು ವಾಕ್ಯ ನಾನೇ ಬರೆದದ್ದು, ಕರಡು ಎಂದು ನಮೂದಿಸಲಿಲ್ಲ, ಅವರನ್ನು ಕೇಳಿರಲಿಲ್ಲ ಎಂದು ಹೇಳಬೇಕು. ಹೊಟ್ಟೆನೋವಿನ ಕಾರಣ ಸೇರಿಸಬಾರದು, ಗಡುವಿನ ಕಾರಣವೂ ಬೇಡ. ಇದರಿಂದ ಅವಕಾಶವೇ ಕೈತಪ್ಪಬಹುದು, ಇಲ್ಲದ ಸಾಕ್ಷ್ಯ ಸೃಷ್ಟಿಸಿದ್ದು ಎಂದು ಕಾಲೇಜು ಪರಿಗಣಿಸಿದರೆ ಅದಕ್ಕೆ ಬೇರೆಯೇ ನಿಯಮಗಳಿವೆ ಎಂಬುದನ್ನೂ ಮುಚ್ಚಿಡಲಿಲ್ಲ. ಹೋಗು ಎಂದು ದೂಡಲಿಲ್ಲ. ಹೋದರೆ ಏನಾಗಬಹುದು, ಹೋಗದಿದ್ದರೆ ಏನಾಗಬಹುದು ಎಂದು ಎರಡು ಕಾಲಂ ಹಾಕಿ ಬರೆಯಲು ಹೇಳಿದೆ. ಹೋಗದಿದ್ದರೆ ಎಂಬ ಕಾಲಂನಲ್ಲಿ ಅವನು ಬರೆದದ್ದು ಒಂದೇ: ಮೇಷ್ಟ್ರು ಸಿಗುವ ಕಾರಿಡಾರಿನಲ್ಲಿ ಓಡಾಡಲಾರೆ.

ಅವನಿಗೆ ಇನ್ನೂ ಒಂದು ಗೊಂದಲವಿತ್ತು. ಉಳಿದದ್ದೆಲ್ಲ ಚೆನ್ನಾಗಿದ್ದರೂ ಎರಡು ವಾಕ್ಯಕ್ಕೆ ಇಡೀ ಕೆಲಸ ಏಕೆ ನಿಂತಿತು ಎಂದು. ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕೆಟ್ಟರೆ ಇನ್ನೊಂದರಲ್ಲಿ ಅಂಕ ತುಂಬಿಕೊಳ್ಳಬಹುದು. ಇಲ್ಲಿ ಹಾಗಲ್ಲ. ಪಾಸ್‌ಗೆ ನಿಗದಿಯಾದ ಪ್ರತಿಯೊಂದು ಅಂಶವೂ ಈಡೇರಬೇಕು. ಅವೆಲ್ಲ ಈಡೇರಿದ ಮೇಲೆ ಮೆರಿಟ್, ಅದರ ಮೇಲೆ ಡಿಸ್ಟಿಂಕ್ಷನ್. ಪಾಸ್‌ನವು ಸಾಮಾನ್ಯವಾಗಿ ವಿವರಿಸು ಎನ್ನುತ್ತವೆ, ಮೆರಿಟ್‌ನವು ವಿಶ್ಲೇಷಿಸು, ಡಿಸ್ಟಿಂಕ್ಷನ್‌ನವು ಮೌಲ್ಯಮಾಪನ ಮಾಡು. ಬರೀ ಬುದ್ಧಿವಂತಿಕೆಯಿಂದ ಜಾರಿಕೊಳ್ಳಲು ಬಿಡದ ಪದ್ಧತಿ ಇದು. ಸೋಮಾರಿಗಳಿಗೆ ಮಾಡಿದ ಕೋರ್ಸ್ ಎನ್ನುವವರು ಒಮ್ಮೆ ಇದರ ಮಾನದಂಡಗಳ ಪಟ್ಟಿ ಓದಲಿ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ತಂದೆತಾಯಿಯೊಡನೆ ಪ್ರತ್ಯೇಕವಾಗಿ ಕುಳಿತದ್ದು ಆಮೇಲೆ. ತಂದೆಗೆ ಲೆಕ್ಕ ಬೇಕಿತ್ತು, ಕೊಟ್ಟೆ. ಬ್ರಿಟನ್ನಿನ ವಿಶ್ವವಿದ್ಯಾಲಯ ಪ್ರವೇಶದ ಯುಕಾಸ್ ಅಂಕಪಟ್ಟಿಯಲ್ಲಿ ಎಕ್ಸ್‌ಟೆಂಡೆಡ್ ಡಿಪ್ಲೊಮಾದ ಮೂರು ಡಿಸ್ಟಿಂಕ್ಷನ್‌ಗೆ 144 ಅಂಕ. ಮೂರು ಎ ಲೆವೆಲ್‌ಗಳಲ್ಲಿ ಮೂರು ಎ ತೆಗೆದರೂ ಅಷ್ಟೇ 144. ಮೂರು ಮೆರಿಟ್ ಆದರೆ 96. ಅಂಕ ಸಮನಾದ ಮಾತ್ರಕ್ಕೆ ಎಲ್ಲ ಬಾಗಿಲೂ ತೆರೆಯುವುದಿಲ್ಲ, ಕೆಲವು ವಿಶ್ವವಿದ್ಯಾಲಯಗಳು ಕೆಲವು ಪದವಿಗಳಿಗೆ ನಿರ್ದಿಷ್ಟ ಎ ಲೆವೆಲ್ ವಿಷಯವನ್ನೇ ಕೇಳುತ್ತವೆ. ಆದ್ದರಿಂದ ಬೇಕಾದ ಪದವಿಯ ಪ್ರವೇಶ ಷರತ್ತನ್ನು ಒಂದೊಂದಾಗಿ ಓದಿ ಎಂದೆ. ಪದವಿ ಬೇಡವೆಂದರೆ ಇಂಗ್ಲೆಂಡಿನಲ್ಲಿ ಸಾರ್ವಜನಿಕ ಸಂಪರ್ಕ ಮತ್ತು ಸಂವಹನದ ಸಹಾಯಕ ಹುದ್ದೆಗೆ ಹಂತ 4ರ ಅಪ್ರೆಂಟಿಸ್‌ಶಿಪ್ ಇದೆ, ಕೆಲಸ ಮಾಡುತ್ತ ಸಂಬಳದೊಡನೆ ಕಲಿಯುವುದು. ಈ ವೃತ್ತಿಗೆ ವೈದ್ಯರಿಗಿರುವಂತೆ ಪರವಾನಗಿ ಬೇಕಿಲ್ಲ. ಆದರೆ 1948ರಲ್ಲಿ ಸ್ಥಾಪನೆಯಾಗಿ 2005ರಲ್ಲಿ ರಾಜಸನದು ಪಡೆದ ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ರಿಲೇಷನ್ಸ್ ಎಂಬ ವೃತ್ತಿ ಸಂಘ ಇದೆ, ಅದರ ಸದಸ್ಯರಿಗೆ ನಡತೆಯ ಸಂಹಿತೆ ಇದೆ.

"ಸಂಹಿತೆ ಇದ್ದರೆ ಸುಳ್ಳು ಹೇಳುವುದಿಲ್ಲವೇ?" ಎಂದರು ತಂದೆ. ಹೇಳುವವರಿದ್ದಾರೆ. 2017ರಲ್ಲಿ ಬೆಲ್ ಪಾಟಿಂಜರ್ ಎಂಬ ಲಂಡನ್ನಿನ ಹೆಸರಾಂತ ಪಿಆರ್ ಕಂಪನಿಯನ್ನು, ದಕ್ಷಿಣ ಆಫ್ರಿಕಾದಲ್ಲಿ ಜನಾಂಗೀಯ ದ್ವೇಷ ಕೆರಳಿಸುವಂಥ ಪ್ರಚಾರ ನಡೆಸಿದ್ದಕ್ಕೆ ವೃತ್ತಿಯದೇ ಇನ್ನೊಂದು ಸಂಘ ಹೊರಹಾಕಿತು. ಅದೇ ತಿಂಗಳು ಕಂಪನಿ ದಿವಾಳಿಯ ದಾರಿ ಹಿಡಿಯಿತು. ಮತ್ತೊಂದು ಕಡೆ, 1906ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಬಳಿ ರೈಲು ಸೇತುವೆಯಿಂದ ನೀರಿಗೆ ಬಿದ್ದಾಗ, ರೈಲ್ವೆ ಕಂಪನಿಗೆ ಕೆಲಸ ಮಾಡುತ್ತಿದ್ದ ಐವಿ ಲೀ ಅಪಘಾತವನ್ನು ಮುಚ್ಚಿಡುವ ಬದಲು ಕಂಪನಿಯ ಹೇಳಿಕೆಯನ್ನು ತಾನೇ ಪತ್ರಿಕೆಗಳಿಗೆ ಕೊಟ್ಟ. ಈಗಿನ ಪತ್ರಿಕಾ ಪ್ರಕಟಣೆಯ ಇತಿಹಾಸ ಹೇಳುವವರು ಸಾಮಾನ್ಯವಾಗಿ ಅಲ್ಲಿಂದಲೇ ಶುರುಮಾಡುತ್ತಾರೆ. ಎರಡೂ ಪಿಆರ್ ಆದ್ದರಿಂದ, ನಿಮ್ಮ ಮಗ ಯಾವ ಬಗೆಯವನಾಗುತ್ತಾನೆ ಎಂಬುದು ಈ ವಾರ ಅವನು ಮೇಷ್ಟ್ರ ಹತ್ತಿರ ಏನು ಹೇಳುತ್ತಾನೆ ಎಂಬುದರ ಮೇಲೂ ನಿಂತಿದೆ ಎಂದೆ. ತಂದೆಗೆ ಆ ಎರಡು ವಾಕ್ಯದ ಕಥೆ ಅಷ್ಟು ಹೊತ್ತಿಗೆ ಗೊತ್ತಿತ್ತು. ಮಗನೇ ಹೇಳಿದ್ದ.

ತಾಯಿಗೆ ನಾನು ಕೇಳಿಕೊಂಡದ್ದು ಎರಡು. ಅವನ ಪರವಾಗಿ ಫೋನ್ ಎತ್ತುವುದನ್ನು ನಿಲ್ಲಿಸಿ, ಅವನ ಎದುರಿನಲ್ಲಿ "ಇವನಿಗೆ ಮಾತು ಬಾರದು" ಎಂದು ನೆಂಟರಿಗೆ ಪರಿಚಯಿಸುವುದನ್ನೂ. ಮೊದಲನೆಯದು ಕಷ್ಟ ಎಂದರು. ಎರಡನೆಯದು ತಾವು ಮಾಡುತ್ತಲೇ ಇಲ್ಲ ಎಂದರು. ಪಕ್ಕದಲ್ಲಿದ್ದ ಗಂಡ ಕೆಮ್ಮಿದರು.

ನಿಖಿಲ್ ಮೇಷ್ಟ್ರ ಬಳಿ ಹೋದ. ಅವರು ಅವನನ್ನು ಕೂರಿಸಿ, ಹೇಳಿಕೆಯನ್ನು ಕರಡು ಎಂದು ನಮೂದಿಸದೆ ಬಿಟ್ಟದ್ದು ಎಷ್ಟು ಗಂಭೀರ ಎಂದು ವಿವರಿಸಿ, ಕಾಲೇಜಿನ ಆಂತರಿಕ ಪರಿಶೀಲಕರ ಜೊತೆ ಮಾತಾಡಿ ಮರುಸಲ್ಲಿಕೆಗೆ ಅನುಮತಿ ಕೊಡಿಸಿದರು. ವ್ಯವಸ್ಥಾಪಕಿಗೆ ಇಮೇಲ್ ಹೋಯಿತು. ಅವರು ಇವನು ಬರೆದ ಎರಡು ವಾಕ್ಯವನ್ನೂ ಒಪ್ಪದೆ, ಶನಿವಾರ ಮಧ್ಯಾಹ್ನ ಯಾರೂ ಬಾರದಿರುವುದೇ ತಮ್ಮ ಚಿಂತೆ ಎಂದು ಬೇರೆಯೇ ಮಾತು ಬರೆದು ಕಳುಹಿಸಿದರು. ಅದರಿಂದ ಅವನ ಯೋಜನೆಯೇ ಸ್ವಲ್ಪ ತಿರುಗಿತು ಎಂದು ಆಮೇಲೆ ತಿಳಿಯಿತು. ಫಲಿತಾಂಶ ಮೆರಿಟ್. ಡಿಸ್ಟಿಂಕ್ಷನ್ ಏಕೆ ತಪ್ಪಿತು ಎಂಬುದಕ್ಕೆ ಅವನೇ ಕಾರಣ ಹೇಳಿದ: ಪ್ರಚಾರ ಎಷ್ಟು ಫಲ ಕೊಟ್ಟೀತು ಎಂದು ಅಳೆಯಲು, ಅದೇ ಜಾಗಕ್ಕೆ ಜಾಹೀರಾತು ಕೊಂಡಿದ್ದರೆ ಎಷ್ಟು ಹಣವಾಗುತ್ತಿತ್ತು ಎಂದು ಲೆಕ್ಕ ಹಾಕಿದ್ದನಂತೆ. ಹಾಗೆ ಅಳೆಯುವುದನ್ನು ಈ ವೃತ್ತಿಯವರು 2010ರ ಬಾರ್ಸಿಲೋನಾ ತತ್ವಗಳು ಎಂಬ ಮಾಪನ ಸೂತ್ರಗಳಲ್ಲೇ ತಳ್ಳಿಹಾಕಿದ್ದಾರೆ. ಹೊಗಳಿ ಬಂದ ಸುದ್ದಿಗೂ ತೆಗಳಿ ಬಂದ ಸುದ್ದಿಗೂ ಆ ಲೆಕ್ಕದಲ್ಲಿ ಒಂದೇ ಬೆಲೆ. ಓದಿದವರ ಮನಸ್ಸು ಬದಲಾಯಿತೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ಹೊಟ್ಟೆನೋವು ನಿಂತಿದೆ. ಫೋನ್ ಕರೆಗಳು ದಂತವೈದ್ಯರವರೆಗೆ ಬಂದು ಅಲ್ಲೇ ನಿಂತಿವೆ. ಪದವಿಗೆ ಅರ್ಜಿ ಹಾಕುವುದೋ ಅಪ್ರೆಂಟಿಸ್‌ಶಿಪ್ ನೋಡುವುದೋ ಎಂದು ಮನೆಯಲ್ಲಿ ಇನ್ನೂ ಚರ್ಚೆ ನಡೆಯುತ್ತಿದೆ. ಅಪ್ರೆಂಟಿಸ್‌ಶಿಪ್ ಹುದ್ದೆಗಳಿಗೆ ಎಲ್ಲ ಕಡೆ ಒಂದೇ ಕೊನೆಯ ದಿನಾಂಕ ಇರುವುದಿಲ್ಲವಾದ್ದರಿಂದ ಎರಡಕ್ಕೂ ಏಕಕಾಲಕ್ಕೆ ಅರ್ಜಿ ಹಾಕಬಹುದು ಎಂದು ತಿಳಿಸಿದ್ದೇನೆ. ಅರ್ಜಿಯ ವೈಯಕ್ತಿಕ ಬರಹಕ್ಕೆ ಆ ಬೆಂಚಿನ ಮೇಲೆ ಕುಳಿತು ಮಾಡಿದ ಟಿಪ್ಪಣಿಗಳನ್ನು ಬಳಸಿಕೋ ಎಂದೂ ಹೇಳಿದ್ದೇನೆ. ಮುಂದಿನ ಭೇಟಿಯ ಸಮಯವನ್ನು ಈ ಸಲ ತಂದೆ ಗೊತ್ತುಮಾಡಬೇಕಾಗಿಲ್ಲ, ನಿಖಿಲ್ ನನಗೆ ನೇರವಾಗಿ ಕರೆ ಮಾಡಬೇಕು ಎಂದು ಒಪ್ಪಂದವಾಗಿದೆ.